ನಿಲ್ಲಿಸುವ ಗುಂಡಿ

"ಬಾರೋ ಇಲ್ಲಿ, ನಾಲ್ಕೇ ಜನ ಇದ್ದಾರೆ," ಎನ್ನುತ್ತ ಮಾವಿಸ್ ಡೆಲ್ಬರ್ಟನ ಕೋಟಿನ ತೋಳು ಹಿಡಿದು ಎಳೆದಳು. "ಪೆಟ್ಟಿಗೆ ಎತ್ತೋಕೆ ಆರು ಜನ ಬೇಕು. ಮೆಟ್ಟಿಲ ಮೇಲೆ ಜಾರಿದ್ರೆ ಏನು ಗತಿ?"

"ನಾನು ಹಿಂದಿನ ಬೆಂಚಲ್ಲಿ ಕೂತಿದ್ದು ಎದ್ದು ಹೋಗೋಣ ಅಂತ ಬಂದೋನು. ಬೇರೆ ಯಾರನ್ನಾದ್ರೂ ಕರಿ."

"ಯಾರನ್ನ ಕರೀಲಿ? ನೀನೇ ನೋಡು."

ಡೆಲ್ಬರ್ಟ್ ನೋಡಿದ. ಚರ್ಚಿನ ಉದ್ದ ಬೆಂಚುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಹೆಚ್ಚಿನವರು ಶಾಲೆಯ ಅಡುಗೆಮನೆಯಲ್ಲಿ, ತೀರಿಕೊಂಡ ಆರ್ಡಿಸ್ ಜೊತೆ ಕೆಲಸ ಮಾಡಿದ್ದ ಮುದುಕಿಯರು. ಆರ್ಡಿಸ್‌ಗೆ ಮಕ್ಕಳಿರಲಿಲ್ಲ. ತಂಗಿಯ ಮಗ ಹೊರಟಿದ್ದವನು ಕಾರು ಕೆಟ್ಟು ಅರ್ಧ ದಾರಿಯಲ್ಲಿ ನಿಂತಿದ್ದಾನೆಂದು ಫೋನು ಬಂದಿತ್ತು. ಗಂಡನ ಕಡೆಯಿಂದ ಉಳಿದವನು ಮೈದುನ ಡೆಲ್ಬರ್ಟ್ ಒಬ್ಬನೇ. ಅವನು ಅತ್ತಿಗೆಯೊಡನೆ ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು. ಇವತ್ತೂ ಬರುತ್ತಿರಲಿಲ್ಲ. ಅವನ ಹೆಂಡತಿ ಕೋಟು ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿ ಎದುರಿಗೆ ನಿಂತುಬಿಟ್ಟಿದ್ದಳು.

"ಸತ್ತೋಳ ಮೇಲೆ ಎಂಥಾ ಸಿಟ್ಟೋ ನಿಂದು?" ಮಾವಿಸ್ ದನಿ ತಗ್ಗಿಸಿದಳು. ಅವಳು ಆರ್ಡಿಸ್‌ಳ ಪಕ್ಕದ ಮನೆಯವಳು. ಅಡುಗೆಮನೆಯ ದೀಪ ಹಗಲಲ್ಲೂ ಉರಿಯುತ್ತಿರುವುದನ್ನು ಕಂಡು, ಬಾಗಿಲು ತಟ್ಟಿ, ಆಮೇಲೆ ಬಾಗಿಲು ಒಡೆಸಿದ್ದವಳೂ ಅವಳೇ.

"ನಾನೂ ಹಿಡೀತೀನಿ," ಎಂದು ಹಿಂದಿನಿಂದ ಯಾರೋ ಅಂದರು. ಊರಿನವರಲ್ಲ. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ, ಟೋಪಿ ಕೈಯಲ್ಲಿತ್ತು. "ನನ್ನ ಹೆಸರು ವೆಂಡೆಲ್. ಆ ಅಮ್ಮ ನನಗೆ ಪರಿಚಯ."

ಹೊರಗಿನವನೇ ಮುಂದೆ ಬಂದ ಮೇಲೆ ಗಂಡನ ಒಡಹುಟ್ಟಿದ ತಮ್ಮ ಹಿಂದೆ ಸರಿಯುವುದು ಹೇಗೆ? ಡೆಲ್ಬರ್ಟ್ ಪೆಟ್ಟಿಗೆಯ ಒಂದು ಹಿಡಿ ಹಿಡಿದ, ಎದುರಿನ ಹಿಡಿಗೆ ವೆಂಡೆಲ್ ಕೈಹಾಕಿದ. ಪೆಟ್ಟಿಗೆ ಅಂದುಕೊಂಡಷ್ಟು ಭಾರವಿರಲಿಲ್ಲ. ಅದೇ ಡೆಲ್ಬರ್ಟನಿಗೆ ಹೇಗೋ ಆಯಿತು.

ಚರ್ಚಿನ ಹಿಂದಿನ ಗೋರಿಗಳ ಮೇಲೆ ಅಕ್ಟೋಬರಿನ ಗಾಳಿ ಬೀಸುತ್ತಿತ್ತು. ಮಿನೆಸೋಟದ ಆ ಬಯಲಲ್ಲಿ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಪಾದ್ರಿಯ ಪ್ರಾರ್ಥನೆಯ ಅರ್ಧ ಮಾತು ಕಿವಿಗೆ ಬೀಳಲೇ ಇಲ್ಲ. ಓರಿನ್ ಹೌಗ್‌ಸ್ಟಾಡ್ ಎಂದು ಕೆತ್ತಿದ ಕಲ್ಲಿನ ಮೇಲೆ ಆರ್ಡಿಸ್ ಎಂಬ ಹೆಸರೂ ಆಗಲೇ ಇತ್ತು. ತೀರಿಕೊಂಡ ತಾರೀಖಿನ ಜಾಗ ಮಾತ್ರ ನುಣುಪಾಗಿ ಖಾಲಿ ಉಳಿದಿತ್ತು. ಅಣ್ಣನ ಹೆಸರನ್ನು ಡೆಲ್ಬರ್ಟ್ ಬಹಳ ಹೊತ್ತು ನೋಡಿದ. ಅತ್ತಿಗೆಯ ಹೆಸರಿನತ್ತ ಕಣ್ಣು ಹಾಯಿಸಲಿಲ್ಲ.

*

ಓರಿನ್ ಮನೆಯ ನೆಲಮಾಳಿಗೆಗೆ ಆ ದೊಡ್ಡ ಗರಗಸದ ಮೆಷಿನ್ನನ್ನು ಇಳಿಸಿದ್ದು ಅಣ್ಣ ತಮ್ಮ ಇಬ್ಬರೇ. ಬೀಡುಕಬ್ಬಿಣದ ಮೇಜು, ನಡುವಿನ ಸೀಳಿನಲ್ಲಿ ತಲೆಯೆತ್ತಿ ತಿರುಗುವ ದುಂಡನೆಯ ಅಲಗು. ಮೆಟ್ಟಿಲಿಗೆ ಹಲಗೆ ಹಾಸಿ, ಹಗ್ಗ ಕಟ್ಟಿ, ಬೈದಾಡಿಕೊಂಡು ಇಳಿಸಿದ್ದರು. ಆಮೇಲಿಂದ ಭಾನುವಾರ ಬಂತೆಂದರೆ ಡೆಲ್ಬರ್ಟ್ ಅಲ್ಲೇ. ಕಪಾಟು, ಮಂಚ, ದನದ ಕೊಟ್ಟಿಗೆಗೆ ಬಾಗಿಲು. ಮೇಲೆ ಅಡುಗೆಮನೆಯಲ್ಲಿ ಆರ್ಡಿಸ್ ಕಾಫಿ ಕಾಯಿಸುತ್ತಿದ್ದಳು. ಕೆಳಗಿನ ಗದ್ದಲಕ್ಕೆ ಅವಳ ಕರೆ ಕೇಳಿಸದೆ, ಕೊನೆಗೆ ಪೊರಕೆಯ ಹಿಡಿಯಿಂದ ನೆಲ ಕುಟ್ಟುತ್ತಿದ್ದಳು.

ಮೆಷಿನ್ ನಿಲ್ಲಿಸುವ ಸ್ವಿಚ್ಚು ಮೊದಲು ಮುಂದುಗಡೆಯೇ ಇತ್ತು. ಓರಿನ್ ಎತ್ತರದ ಆಳು. ಹಲಗೆ ತಳ್ಳುವಾಗ ಮೊಣಕಾಲು ತಗುಲಿ ಮೋಟರು ನಡುವೆಯೇ ನಿಂತುಬಿಡುತ್ತಿತ್ತು. ಒಳ್ಳೆಯ ಓಕ್ ಹಲಗೆಯೊಂದು ಹಾಗೆ ಸುಟ್ಟ ಗೆರೆ ಬಿದ್ದು ಹಾಳಾದಾಗ ಅವನು ಅದನ್ನು ಗೋಡೆಗೆ ಎಸೆದಿದ್ದ.

"ಸರಿ ಬಿಡು, ನಾನು ನೋಡ್ಕೋತೀನಿ," ಎಂದ ಡೆಲ್ಬರ್ಟ್, ಆ ಮಧ್ಯಾಹ್ನವೇ ವೈರು ಎಳೆದು ಸ್ವಿಚ್ಚನ್ನು ಮೇಜಿನ ಅಡಿಗೆ, ಹಿಂದಿನ ಮೂಲೆಗೆ, ಮೋಟರಿನ ಪಕ್ಕ ಕೂರಿಸಿದ್ದ. "ಇನ್ನು ನಿನ್ನ ಮೊಣಕಾಲಲ್ಲ, ನಮ್ಮಪ್ಪ ಗೋರಿಯಿಂದ ಎದ್ದು ಬಂದ್ರೂ ಇದನ್ನ ಆಫ್ ಮಾಡೋಕಾಗಲ್ಲ!"

ಅಣ್ಣ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

ಓರಿನ್ ತೀರಿಕೊಂಡದ್ದು ಅದೇ ಮೆಷಿನ್ನಿನ ಮುಂದೆ, ಎದೆ ಹಿಡಿದುಕೊಂಡು. ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಹಳೆಯ ಟ್ರ್ಯಾಕ್ಟರಿನ ಬಿಡಿಭಾಗ ಹುಡುಕಿಕೊಂಡು ಗುಜರಿಗೆ ಹೋಗಿದ್ದ ಡೆಲ್ಬರ್ಟ್, ತುಕ್ಕು ಹಿಡಿದ ತಗಡುಗಳ ರಾಶಿಯಲ್ಲಿ ಅಣ್ಣನ ಗರಗಸ ಕಾಲು ಮೇಲೆ ಮಾಡಿ ಬಿದ್ದಿರುವುದನ್ನು ಕಂಡ. ಕಬ್ಬಿಣದ ಮೇಜನ್ನು ಸುತ್ತಿಗೆಯಿಂದ ಒಡೆದು ಎರಡು ಹೋಳು ಮಾಡಿದ್ದರು. ಅಲ್ಲಿಂದ ನೇರ ಅತ್ತಿಗೆಯ ಮನೆಗೆ ಹೋದ.

"ನನಗೆ ಬೇಡವಾಗಿತ್ತಾ ಅದು? ಒಂದು ಮಾತು ಕೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ಆರ್ಡಿಸ್ ಬಾಗಿಲಲ್ಲೇ ನಿಂತಿದ್ದಳು. "ನಿನಗೆ ಅದು ಬೇಡ ಡೆಲ್ಬರ್ಟ್."

"ಬೇಕೋ ಬೇಡ್ವೋ ನಾನು ಹೇಳಬೇಕು. ಒಡೆಸಿ ಹಾಕಿದ್ದೀರಲ್ಲ! ಅಣ್ಣನ ಮೇಲೆ ಅಷ್ಟು ದ್ವೇಷ ಇತ್ತಾ?"

"ಒಳಗೆ ಬಾ. ಕಾಫಿ ಕುಡಿ."

"ನಿಮ್ಮ ಕಾಫಿ ನೀವೇ ಕುಡೀರಿ ಅತ್ತಿಗೆ."

ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆ ಚಳಿಗಾಲದಲ್ಲೇ ಅವಳು ತಾನೇ ಹೊಸ ಮೆಷಿನ್ನುಗಳನ್ನು ತಂದು ಮರಗೆಲಸ ಶುರುಮಾಡಿದಳೆಂದು ಊರಲ್ಲಿ ಸುದ್ದಿಯಾದಾಗ ಅವನ ಸಿಟ್ಟು ಗಟ್ಟಿಯಾಯಿತು. ಗಂಡನದ್ದು ಗುಜರಿಗೆ, ತನಗೆ ಹೊಸದು.

*

ಮಣ್ಣು ಮಾಡಿ ಬಂದವರಿಗೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟವಿತ್ತು. ಹಂದಿಮಾಂಸ ಇಟ್ಟ ಬನ್ನು, ಕ್ರೀಮು ಹಾಕಿ ಬೇಯಿಸಿದ ಆಲೂಗಡ್ಡೆ, ನೀರು ಕಾಫಿ. ಡೆಲ್ಬರ್ಟ್ ತಟ್ಟೆ ಹಿಡಿದು ಮೂಲೆಯ ಮೇಜಿಗೆ ಹೋಗಿ ಕೂತ. ಅಲ್ಲಿ ವೆಂಡೆಲ್ ಒಬ್ಬನೇ ಇದ್ದ. ಮಾವಿಸ್ ಕಾಫಿಯ ಜಗ್ಗು ಹಿಡಿದು ಬಂದಳು.

"ಈ ಆಲೂಗಡ್ಡೆಗೆ ಉಪ್ಪು ಹಾಕೋದೇ ಮರೆತಿದ್ದಾರೆ. ಈ ಊರಲ್ಲಿ ಉಪ್ಪು ಹಾಕೋಕೆ ಬರ್ತಿದ್ದೋಳು ಅವಳೊಬ್ಬಳೇ, ಅವಳನ್ನೇ ಮಣ್ಣು ಮಾಡಿ ಬಂದ್ವಿ," ಎಂದು ನಗಲು ನೋಡಿ, ಆಗದೆ, ಮುಂದಿನ ಮೇಜಿಗೆ ಹೋದಳು.

"ನೀವು ಅವರಿಗೆ ಏನಾಗಬೇಕು?" ವೆಂಡೆಲ್ ಕೇಳಿದ.

"ದೂರದ ಸಂಬಂಧ," ಎಂದ ಡೆಲ್ಬರ್ಟ್. "ನೀವು?"

"ಸೇಂಟ್ ಕ್ಲೌಡ್‌ನಲ್ಲಿ ಮರಗೆಲಸದ ಮೆಷಿನ್ ಮಾರೋ ಅಂಗಡೀಲಿದ್ದೀನಿ. ನಮ್ಮಲ್ಲೇ ತಗೊಂಡ್ರು ಎಲ್ಲಾನೂ."

"ಹೊಸದು ಬೇಕಿತ್ತಂತೆ ಅವಳಿಗೆ," ಡೆಲ್ಬರ್ಟ್ ಬನ್ನನ್ನು ತಟ್ಟೆಯಲ್ಲಿ ತಿರುಗಿಸಿದ. "ಗಂಡನದ್ದನ್ನ ಒಡೆದು ಗುಜರಿಗೆ ಹಾಕಿದ್ಲು. ಗೊತ್ತಾ ನಿಮಗೆ?"

"ಗೊತ್ತು," ಎಂದ ವೆಂಡೆಲ್. "ನಾನಾದ್ರೂ ಅದನ್ನೇ ಮಾಡ್ತಿದ್ದೆ."

*

ಆರ್ಡಿಸ್ ಮೊದಲ ಸಲ ಅಂಗಡಿಗೆ ಬಂದಾಗ ಹೊರಗೆ ಹಿಮ ಬೀಳುತ್ತಿತ್ತು. ತಲೆಗೆ ಉಣ್ಣೆಯ ವಸ್ತ್ರ, ಕೈಯಲ್ಲಿ ಚೀಲ. ಹುಡುಗಾಟದ ಮಾರಾಟಗಾರನೊಬ್ಬ ಅವಳನ್ನು ಆಟಿಕೆ ಕೊರೆಯುವ ಸಣ್ಣ ಗರಗಸಗಳ ಕಡೆಗೆ ಕರೆದೊಯ್ದ. "ಹೆಂಗಸರು ಸಾಮಾನ್ಯವಾಗಿ ಇದನ್ನ ತಗೋತಾರೆ ಅಜ್ಜಿ. ಮೊಲ, ಕರಡಿ ಎಲ್ಲಾ ಮಾಡಬಹುದು."

"ಮೊಲ ಇಟ್ಕೊಂಡು ಏನು ಮಾಡ್ಲಪ್ಪ? ನಿಮ್ಮಜ್ಜಿಗೆ ಕೊಡು," ಎಂದು ಅವಳು ಮುಂದೆ ನಡೆದಳು. ದೊಡ್ಡ ಮೆಷಿನ್ನುಗಳ ನಡುವೆ ನಿಂತು ವೆಂಡೆಲನನ್ನು ಕರೆದಳು. "ಇದನ್ನ ಹಾಕಪ್ಪ."

ಅವನು ಹೊಳೆಯುವ ಒಂದು ಮೇಜಿನ ಗರಗಸದ ಗುಣಗಾನ ಶುರುಮಾಡಿದ. ಎಷ್ಟು ಬಲದ ಮೋಟರು, ಎಷ್ಟು ದಪ್ಪದ ಮರ ಕುಯ್ಯುತ್ತದೆ, ಗೆರೆ ಎಷ್ಟು ನೇರ.

"ಅದೆಲ್ಲ ಇರಲಿ. ಹಾಕು."

ಹಾಕಿದ. ಅವಳು ಕಣ್ಣು ಮುಚ್ಚಿಕೊಂಡು ಕೈ ಚಾಚಿದಳು. ಅಂಗೈ ಮೇಜಿನ ಅಂಚನ್ನು ತಡವಿತು, ಕೆಳಗಿಳಿಯಿತು, ಸ್ವಿಚ್ಚು ಸಿಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ವೆಂಡೆಲ್ ತಾನೇ ಬಗ್ಗಿ ನಿಲ್ಲಿಸಿದ.

"ಇದು ಬೇಡ. ಮುಂದಿನದು ಹಾಕು."

ಹೀಗೇ ಒಂದೊಂದರ ಮುಂದೂ. ಆಚೆ ಕೌಂಟರಿನಲ್ಲಿದ್ದವರು ಮೊಣಕೈಯಿಂದ ತಿವಿದುಕೊಂಡು ನಗುತ್ತಿದ್ದರು. ಕೊನೆಗೆ ಅವಳು ನಿಂತದ್ದು ಪಟ್ಟಿ ಗರಗಸದ ಮುಂದೆ. ಮೇಲೊಂದು ಕೆಳಗೊಂದು ಗಾಲಿ, ಅವುಗಳ ಸುತ್ತ ಓಡುವ ತೆಳು ಅಲಗು. ಎದುರಿಗೇ ಅಂಗೈ ಅಗಲದ ಕೆಂಪು ಗುಂಡಿ. ಕಣ್ಣು ಮುಚ್ಚಿದವಳು ಒಂದೇ ಏಟಿಗೆ ಅದನ್ನು ಒತ್ತಿದಳು. ಅಲಗು ಸುಯ್ಯೆಂದು ನಿಂತಿತು.

"ಇದು ಒಳ್ಳೇದಮ್ಮ," ಎಂದ ವೆಂಡೆಲ್, ಈ ಸಲ ಮಾರಾಟದ ದನಿ ಬಿಟ್ಟು. "ದುಂಡು ಗರಗಸ ಹಲಗೆಯನ್ನ ಕಚ್ಚಿ ಎದೆಗೆ ವಾಪಸ್ ಎಸೆದುಬಿಡುತ್ತೆ. ಇದು ಕೆಳಕ್ಕೆ ಎಳೆಯುತ್ತೆ ಅಷ್ಟೇ. ಸದ್ದೂ ಕಮ್ಮಿ."

"ಓಡ್ತಿರುವಾಗ ಪಕ್ಕದಲ್ಲಿ ಯಾರಾದ್ರೂ ಮಾತಾಡಿದ್ರೆ ಕೇಳುತ್ತಾ?"

ವಿಚಿತ್ರ ಪ್ರಶ್ನೆ. ಅವನು ಮತ್ತೆ ಮೆಷಿನ್ ಹಾಕಿದ. ಅವಳು ಅದಕ್ಕೆ ಬೆನ್ನು ಕೊಟ್ಟು ನಿಂತು, "ಏನಾದ್ರೂ ಹೇಳಪ್ಪ, ಮೆಲ್ಲಗೆ," ಎಂದಳು.

"ಹೊರಗೆ ಹಿಮ ಬೀಳ್ತಿದೆ," ಎಂದ ಅವನು.

"ಹೊರಗೆ ಹಿಮ ಬೀಳ್ತಿದೆ," ಎಂದು ಅವಳು ತಿರುಗಿ ಹೇಳಿದಳು. ಆಮೇಲೆ ಅಲ್ಲೇ ಹಲಗೆಗಳ ಕಟ್ಟಿನ ಮೇಲೆ ಕೂತುಬಿಟ್ಟಳು.

*

"ಯಾಕಮ್ಮ ಹೀಗೆ ಅಂತ ಕೇಳಿದೆ," ವೆಂಡೆಲ್ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟ. "ಆವಾಗ ಹೇಳಿದ್ರು. ಕೆಳಗೆ ಮೆಷಿನ್ ಸುಮ್ನೆ ಓಡೋ ಸದ್ದು ಬರ್ತಾನೇ ಇತ್ತಂತೆ. ಮರ ಕುಯ್ಯೋ ಸದ್ದೇ ಬೇರೆ, ಖಾಲಿ ಓಡೋ ಸದ್ದೇ ಬೇರೆ ಅಲ್ವಾ. ಇಳಿದು ನೋಡಿದ್ರೆ ಗಂಡ ನೆಲದ ಮೇಲೆ. ಕಣ್ಣು ಬಿಟ್ಕೊಂಡಿದ್ದಾನೆ, ತುಟಿ ಅಲ್ಲಾಡ್ತಿದೆ, ಏನೋ ಹೇಳ್ತಿದ್ದಾನೆ. ಕಿವಿ ಹತ್ರ ಇಟ್ರೂ ಆ ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲವಂತೆ. ನಿಲ್ಲಿಸಿ ಕೇಳೋಣ ಅಂತ ಎದ್ದಿದ್ದಾರೆ. ಸ್ವಿಚ್ಚು ಎಲ್ಲೂ ಇಲ್ಲ. ಮೆಷಿನ್ ಸುತ್ತ ಓಡಾಡಿದ್ದಾರೆ. ಕೊನೆಗೆ ಎಲ್ಲೋ ಹಿಂದೆ, ಅಡೀಲಿ ಸಿಕ್ಕಿದೆ. ನಿಲ್ಲಿಸಿ ಬಂದು ನೋಡಿದ್ರೆ, ಅವನು ಹೇಳೋದು ಮುಗಿದಿತ್ತು."

ಡೆಲ್ಬರ್ಟ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಯಾವ ಪುಣ್ಯಾತ್ಮ ಸ್ವಿಚ್ಚನ್ನ ಅಲ್ಲಿಟ್ಟನೋ," ವೆಂಡೆಲ್ ತಲೆಯಾಡಿಸಿದ. "ನಾನು ಕೇಳಿದೆ. ಅವರು ಹೆಸರು ಹೇಳಲಿಲ್ಲ. 'ಒಳ್ಳೇದಕ್ಕೆ ಅಂತಾನೇ ಮಾಡಿದ್ದು, ಅವನಿಗೆ ಇದು ತಿಳಿಯೋದು ಬೇಡ' ಅಂದ್ರು. ಆ ಮೆಷಿನ್ ಅವನ ಮನೆಗೇ ಹೋಗಿಬಿಡುತ್ತೇನೋ ಅಂತ ಹೆದರಿ ಒಡೆಸಿದ್ರಂತೆ. 'ಅವನ ಹೆಂಡ್ತಿಯೂ ಒಂದಿನ ಹಾಗೆ ಹುಡುಕೋದು ಬೇಡ' ಅಂತ."

ಹಾಲ್‌ನ ಆ ಕಡೆ ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಡೆಲ್ಬರ್ಟ್, "ಆಮೇಲೂ ಬರ್ತಿದ್ಲಾ?" ಎಂದು ಕೇಳಿದ.

"ಬರ್ತಿದ್ರು. ಅಲಗು, ಮರಳು ಕಾಗದ ತಗೊಳ್ಳೋ ನೆಪ. ಕೌಂಟರಿಗೆ ಒರಗಿ ಮಾತಾಡ್ತಾ ನಿಲ್ಲೋರು. ಮನೇಲಿ ಮಾತಾಡೋಕೆ ಯಾರೂ ಇರಲಿಲ್ಲ ಅಂತ ಕಾಣುತ್ತೆ." ವೆಂಡೆಲ್ ಟೋಪಿ ಎತ್ತಿಕೊಂಡ. "ನೀವು ದೂರದ ಸಂಬಂಧ ಅಂದ್ರಿ ಅಲ್ವಾ? ಅವರ ಮೈದುನ ಯಾರೋ ಇದ್ದಾನಂತೆ. ಬಂದಿದ್ದಾನಾ?"

"ಬಂದಿದ್ದಾನೆ," ಎಂದ ಡೆಲ್ಬರ್ಟ್.

*

ಸಂಜೆ ಮಾವಿಸ್ ಆರ್ಡಿಸ್‌ಳ ಮನೆಯ ಬೀಗ ತೆಗೆದಳು. ಡೆಲ್ಬರ್ಟ್ ಶೂ ಒರೆಸಿಕೊಂಡು ಒಳಗೆ ಬಂದ. ಅಡುಗೆಮನೆಯಲ್ಲಿ ಮೊದಲಿದ್ದ ದೊಡ್ಡ ಮೇಜಿರಲಿಲ್ಲ. ಕಿಟಕಿಗೆ ಒತ್ತಿದಂತೆ ಚಿಕ್ಕದೊಂದು ಮೇಜು, ಒಂದು ತಟ್ಟೆ ಒಂದು ಲೋಟಕ್ಕೆ ಸಾಲುವಷ್ಟು. ಅಂಚನ್ನು ನುಣ್ಣಗೆ ಉಜ್ಜಲಾಗಿತ್ತು.

"ಅವಳೇ ಮಾಡಿದ್ದು," ಎಂದಳು ಮಾವಿಸ್. "ಹಳೇ ಮೇಜನ್ನೇ ಕುಯ್ದು ಮಾಡಿದ್ಲು. ಖಾಲಿ ಕುರ್ಚಿಗಳ ಮುಂದೆ ಕೂತು ಉಣ್ಣೋಕೆ ಬೇಜಾರಾಗುತ್ತೆ ಅನ್ನೋಳು. ನಾನು ಬಾ ನಮ್ಮನೆಗೆ ಅಂದ್ರೆ ಬರ್ತಿರಲಿಲ್ಲ, ಹಟಮಾರಿ."

"ಕೆಳಗೆ ಒಂದ್ಸಲ ನೋಡಬಹುದಾ?"

"ನನ್ನನ್ನೇನು ಕೇಳ್ತೀಯ? ನಿಮ್ಮಣ್ಣನ ಮನೆ."

ಅವನು ದೀಪ ಹಾಕಿ ಮೆಟ್ಟಿಲಿಳಿದ. ಆರ್ಡಿಸ್‌ಳ ಮೆಷಿನ್ನುಗಳೆಲ್ಲ ಒಂದೇ ಗೋಡೆಗೆ, ಕಿಟಕಿಯ ಕೆಳಗೆ, ಒಂದಕ್ಕೊಂದು ಅಂಟಿದಂತೆ ನಿಂತಿದ್ದವು. ಪಟ್ಟಿ ಗರಗಸ, ತೂತು ಕೊರೆಯುವ ಡ್ರಿಲ್ಲು, ಮರ ಉಜ್ಜುವ ಚಕ್ರ. ಕೆಲಸ ಮಾಡುವವರು ಅಡ್ಡಡ್ಡ ತಿರುಗಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಉದ್ದದ ಹಲಗೆ ಕುಯ್ಯುವಾಗ ತುದಿಯನ್ನು ಕಿಟಕಿಯಿಂದ ಹೊರಕ್ಕೆ ಚಾಚಿರಬೇಕು. ಚೌಕಟ್ಟಿನ ಮೇಲೆ ಮರ ಉಜ್ಜಿದ ಗುರುತಿತ್ತು.

ಕೋಣೆಯ ನಡುವೆ ಏನೂ ಇರಲಿಲ್ಲ. ನೆಲಕ್ಕೆ ಬಳಿದ ಬೂದು ಬಣ್ಣ ಅಲ್ಲಿ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. ಅಣ್ಣನ ಗರಗಸದ ಕಾಲುಗಳಿದ್ದಲ್ಲಿ ನಾಲ್ಕು ತುಕ್ಕಿನ ಕಲೆ, ಅದರ ಮುಂದೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ. ಒಂದು ಚಿಟಿಕೆ ಮರದ ಪುಡಿಯೂ ಇರದಂತೆ ಗುಡಿಸಿತ್ತು.

"ಕಾಫಿ ಇಡ್ಲೇನೋ?" ಮೇಲಿನಿಂದ ಮಾವಿಸ್ ಕೂಗಿದಳು.

"ಇಡು, ಬಂದೆ."

ಮೆಟ್ಟಿಲ ಬುಡದಿಂದ ಮೆಷಿನ್ನುಗಳವರೆಗೆ ನೆಲದ ಬಣ್ಣ ಸವೆದು ಸಿಮೆಂಟು ಕಾಣುವ ಒಂದು ಜಾಡು ಬಿದ್ದಿತ್ತು. ಅದು ನೇರವಾಗಿರಲಿಲ್ಲ. ನಡುವಿನ ಆ ಜಾಗವನ್ನು ಮುಟ್ಟದೆ, ಗೋಡೆಯ ಮಗ್ಗುಲಲ್ಲಿ ಬಾಗಿ ಸುತ್ತಿ ಹೋಗಿತ್ತು. ಡೆಲ್ಬರ್ಟ್ ಒಂದು ಕೈಯನ್ನು ಗೋಡೆಗೆ ಊರಿ, ಅತ್ತಿಗೆಯ ಸಣ್ಣ ಹೆಜ್ಜೆಗಳು ಸವೆಸಿದ ಆ ಕಿರಿದಾದ ಜಾಡಿನಲ್ಲೇ ತನ್ನ ಅಗಲ ಪಾದಗಳನ್ನು ಒಂದರ ಮುಂದೊಂದು ಇಡುತ್ತ ಮೆಟ್ಟಿಲ ಕಡೆಗೆ ನಡೆದ.