ಕುಚ್ಚಲಕ್ಕಿಯ ಪ್ರಯಾಣಿಕರು

ನಮ್ಮ ಪಾಲಿಗೆ ಡೊಂಬಿವಲಿ ಎರಡು. ಒಂದು ಕಿಟಕಿಯ ಹೊರಗಿದೆ. ಬೆಳಿಗ್ಗೆ ಅದರ ಸ್ಟೇಷನ್ನಿನಲ್ಲಿ ಕಾಲೂರಲು ಜಾಗ ಸಿಗುವುದಿಲ್ಲ. ಇನ್ನೊಂದು ನಮ್ಮ ಮನೆಯ ಒಂದೇ ಒಂದು ಬೆಡ್‌ರೂಮಿನ ಒಳಗಿದೆ. ನನ್ನ ಗಂಡ ವಸಂತಕುಮಾರರು ಪ್ಲೈವುಡ್ಡಿನ ಮೇಲೆ ಸ್ವತಃ ಕಟ್ಟಿದ್ದು. ಅದರ ಪ್ಲಾಟ್‌ಫಾರ್ಮಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಅಷ್ಟು ಖಾಲಿ ಜಾಗ ಮಾಡುವುದಕ್ಕಾಗಿ ನಮ್ಮ ಮಂಚ ಕೋಪರಖೈರಣೆಯ ನಾದಿನಿ ಪುಷ್ಪಾವತಿಯ ಮನೆಗೆ ಹೋಯಿತು. ನಾವು ಮೂವರು ಹೊರಗಿನ ಕೋಣೆಯ ನೆಲಕ್ಕೆ ಬಂದೆವು.

ಪುಟ್ಟ ರೈಲು ಓಡುವ ಈ ಮಾದರಿ ಸ್ಟೇಷನ್ನಿಗೆ ಆಟಿಕೆ ಎನ್ನಬಾರದು, ಲೇಔಟ್ ಎನ್ನಬೇಕು. ಆಟಿಕೆ ಎಂದರೆ ನಮ್ಮವರು ತಟ್ಟೆಯ ಮುಂದಿನಿಂದ ಎದ್ದುಬಿಡುತ್ತಾರೆ. ಬೆಲೆಯನ್ನಂತೂ ಕೇಳಲೇಬಾರದು. ಮಗಳು ನಿಕಿತಾಳ ನೇಲ್ ಪಾಲಿಶ್ ಮಾಯವಾದದ್ದು ಹೇಗೆಂದು ಕೇಳಬಹುದು. ಅದು ವಿದೇಶದಿಂದ ಬಂದ ರೈಲಿನ ಪಟ್ಟಿಗೆ ಬಳಿದು ಮುಗಿದಿದೆ. ಪ್ಲಾಟ್‌ಫಾರ್ಮು ಟಿವಿಯ ಪೆಟ್ಟಿಗೆಯೊಳಗಿನ ಥರ್ಮೋಕೋಲಿನದು, ಮೇಲೆ ಜರಡಿ ಹಿಡಿದ ಮರಳು. ಜರಡಿ ನನ್ನದು. ರೊಟ್ಟಿಯ ಹಿಟ್ಟು ಈಗಲೂ ಹಲ್ಲಿಗೆ ಕರಕರ ಎನ್ನುತ್ತದೆ.

ದಿನವೂ ನಾನು ಠಾಣೆಯಲ್ಲಿ ಗಾಡಿ ಬದಲಿಸಿ ಸಾನಪಾಡಾಕ್ಕೆ ಹೋಗುತ್ತೇನೆ, ಅಲ್ಲಿ ಒಂದು ಸಾಗಣೆ ಕಂಪನಿಯ ಲೆಕ್ಕ ಬರೆಯುತ್ತೇನೆ, ಮತ್ತೆ ನೇತಾಡಿಕೊಂಡು ಬಂದು ಕುಕ್ಕರ್ ಇಡುತ್ತೇನೆ. ಮನುಷ್ಯಳಾಗಿ ನಾನು ಬಯಸಿದ್ದು ಹೆಚ್ಚೇನಲ್ಲ. ಭಾನುವಾರ ಊಟವಾದ ಮೇಲೆ, ಬಾಗಿಲು ಮುಚ್ಚಿಕೊಂಡು, ಯಾರ ಮುಖವನ್ನೂ ನೋಡದೆ ಒಂದು ನಿದ್ದೆ. ಬಾಗಿಲು ಇರುವ ಕೋಣೆಯಲ್ಲಿ ರೈಲು ಮಲಗಿತ್ತು. ಬಾಗಿಲು ಇಲ್ಲದ ಕಡೆ ನಾನು ಮಲಗಿ, ಕ್ರಿಕೆಟ್ಟು, ಮಗಳ ರೀಲ್ಸು ಮತ್ತು ಇಸ್ತ್ರಿಯವನ ಕರೆಗಂಟೆಯ ನಡುವೆ ಕಣ್ಣು ಮುಚ್ಚಿದಂತೆ ನಟಿಸುತ್ತಿದ್ದೆ.

ಕಟ್ಟುವುದು ಮುಗಿದ ಮೇಲಾದರೂ ಬಿಚ್ಚುತ್ತಾರೆ ಎಂದುಕೊಂಡಿದ್ದೆ. ಮುಗಿದ ಮೇಲೆ ಫೋಟೋ ಶುರುವಾಯಿತು. ಲೇಔಟ್ ಕಟ್ಟುವುದು ಅರ್ಧ ಕೆಲಸವಂತೆ, ನೋಡಿದವರು ನಿಜವಾದ ಸ್ಟೇಷನ್ ಎಂದುಕೊಳ್ಳುವಂಥ ಒಂದು ಫೋಟೋ ತೆಗೆಯುವುದು ಉಳಿದರ್ಧವಂತೆ. ಅದಕ್ಕೆಂದು ಮೊಬೈಲನ್ನು ತಲೆಕೆಳಗಾಗಿ ಹಳಿಯ ಮೇಲೆ ಇಡುತ್ತಾರೆ. ಹಾಗಿಟ್ಟರೆ ಕ್ಯಾಮೆರಾದ ಕಣ್ಣು ಪುಟ್ಟ ಪ್ರಯಾಣಿಕನ ಕಣ್ಣಿನ ಮಟ್ಟಕ್ಕೆ ಬರುತ್ತದಂತೆ. ಟೇಬಲ್ ಲ್ಯಾಂಪಿಗೆ ಹಳದಿ ಕಾಗದ ಸುತ್ತಿದರೆ ಬೆಳಗಿನ ಬಿಸಿಲು. ನನ್ನ ಪೌಡರ್ ಊದಿದರೆ ಮಂಜು. ಡೊಂಬಿವಲಿಯಲ್ಲಿ ಮಂಜನ್ನು ಇವರು ಯಾವಾಗ ಕಂಡರೋ ನನಗೆ ಗೊತ್ತಿಲ್ಲ.

ಒಂದು ದಿನ ನಾನು ಇವರನ್ನು ಒಂದು ಪಂದ್ಯದ ಮಾತಿಗೆ ಕಟ್ಟಿ ಹಾಕಿದೆ. ಇವರು ಬೆಳಿಗ್ಗೆ ಹೋಗುವ ಏಳು ನಲವತ್ತೆರಡರ ಫಾಸ್ಟ್ ಗಾಡಿಯಲ್ಲಿ, ಒಂದೇ ಡಬ್ಬಿಯಲ್ಲಿ, ಒಂದೇ ಬಾಗಿಲ ಹತ್ತಿರ ನಿಲ್ಲುವ ಗಂಡಸರ ಒಂದು ಗುಂಪಿದೆ. ಅವರಿಗೊಂದು ವಾಟ್ಸಾಪ್ ಗ್ರೂಪೂ ಇದೆ. ನಿಮ್ಮ ಫೋಟೋವನ್ನು ಅಲ್ಲಿ ಹಾಕಿ, ಅವರಲ್ಲಿ ಒಬ್ಬರಾದರೂ ಇದು ನಿಜವಾದ ಡೊಂಬಿವಲಿ ಎಂದು ನಂಬಿದರೆ ನಿಮ್ಮ ಕೆಲಸ ಮುಗಿದಂತೆ, ಕೋಣೆ ಬಿಡಬೇಕು ಎಂದೆ. ಇವರು ಧಾರಾಳವಾಗಿ ಒಪ್ಪಿದರು. ತಾವು ಗೆಲ್ಲುವ ಮಾತು ಎಂದುಕೊಂಡವರಿಗೆ ಗೆದ್ದ ಮೇಲೆ ಏನು ಕೊಡಬೇಕೆಂಬುದು ನೆನಪಿರುವುದಿಲ್ಲ. ನಿಕಿತಾ ಮೊಬೈಲಿನಿಂದ ತಲೆ ಎತ್ತದೆಯೇ ಸಾಕ್ಷಿಯಾದಳು.

ಮೊದಲ ಫೋಟೋ ಮಂಜು ಸಮೇತ ಹೋಯಿತು. ಗುಂಪಿನ ರಿತೇಶ್ ಕರ್ಫ್ಯೂ ಹೈ ಕ್ಯಾ ಎಂದು ಕೇಳಿದ. ವಿಜಯಪುರದ ಕಡೆಯ ದಿಲೀಪ, ಠಾಣೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಇರುವವನು, ಯಾವ ದೇಶಕ್ಕೆ ಟೂರ್ ಹೋಗೀರಿ, ನಮಗ ಹೇಳಲೇ ಇಲ್ಲಲ್ರೀ ಎಂದು ಬರೆದ.

ಜನ ಬೇಕು ಎಂಬುದು ಆಗ ಇವರಿಗೆ ಹೊಳೆಯಿತು. ಇಪ್ಪತ್ತು ವರ್ಷ ಅದೇ ಪ್ಲಾಟ್‌ಫಾರ್ಮಿನಲ್ಲಿ ಬೆವರು ಒರೆಸಿಕೊಂಡವರಿಗೆ! ವಿದೇಶದಿಂದ ಪೊಟ್ಟಣದಲ್ಲಿ ಜನ ಬಂದರು: ಹ್ಯಾಟು ಹಾಕಿದ ಗಂಡಸು, ಮಗುವಿನ ಗಾಡಿ ತಳ್ಳುವ ಬಿಳಿ ಹೆಂಗಸು, ಕೊಡೆ ಹಿಡಿದ ಪಾದ್ರಿ, ಒಂದು ನಾಯಿ. ಅವರನ್ನು ಡೊಂಬಿವಲಿಯಲ್ಲಿ ನಿಲ್ಲಿಸಿ ಇನ್ನೊಂದು ಫೋಟೋ ಹೋಯಿತು. ನಾಯಿಗೆ ವಿಂಡೋ ಸೀಟ್ ಸಿಕ್ತೇನ್ರಿ ಎಂದು ದಿಲೀಪ ಕೇಳಿದ. 

ಪೊಟ್ಟಣದ ಜನರಿಂದ ಪ್ಲಾಟ್‌ಫಾರ್ಮು ತುಂಬಿಸಬೇಕಾದರೆ ಮನೆ ಮಾರಬೇಕು. ಆದ್ದರಿಂದ ಇವರು ಅಡುಗೆಮನೆಗೆ ಬಂದರು. ಕಾರ್ಕಳದಿಂದ ಅತ್ತೆ ಪ್ರತಿ ವರ್ಷ ಬಸ್ಸಿನಲ್ಲಿ ಕುಚ್ಚಲಕ್ಕಿ ಕಳಿಸುತ್ತಾರೆ. ಕೆಂಪಗೆ, ದಪ್ಪಗೆ, ನಡು ಸ್ವಲ್ಪ ಬಾಗಿದ ಕಾಳು. ಒಂದು ಕಾಳನ್ನು ಬೆರಳ ತುದಿಯಲ್ಲಿ ನಿಲ್ಲಿಸಿ, ಮೇಲೊಂದು ಸಾಸಿವೆ ಅಂಟಿಸಿ, ಕನ್ನಡಕ ಮೇಲೆ ಸರಿಸಿ ನೋಡಿದರು. ತಲೆ, ಮೈ, ಬಾಗಿದ ಬೆನ್ನು. ಲೋಕಲ್ಲಿನಲ್ಲಿ ಓಡಾಡುವವರ ತದ್ರೂಪು. ಒಪ್ಪಲೇಬೇಕು.

ಆ ಡಬ್ಬಿಯ ಅಕ್ಕಿಯನ್ನು ಇನ್ನೂ ಬಿಸಿಲಿಗೆ ಹಾಕಿಲ್ಲ, ಹುಳ ಆಗುವ ಅಕ್ಕಿ ಅದು, ಒಣಗಿಸಿ ಕೊಡುತ್ತೇನೆ ತಡೆಯಿರಿ ಎಂದೆ. ಬಿಸಿಲಿಗೆ ಹಾಕಿದರೆ ಕಾಳು ಬಿರಿಯುತ್ತದೆ, ಹತ್ತಿರದ ಫೋಟೋದಲ್ಲಿ ಪ್ರಯಾಣಿಕರ ಬೆನ್ನು ಸೀಳಿದಂತೆ ಕಾಣುತ್ತದೆ ಎಂದರು. ಅಕ್ಕಿಯ ವಿಷಯದಲ್ಲೂ ನನಗಿಂತ ಅವರಿಗೇ ಹೆಚ್ಚು ಗೊತ್ತಾಗಲು ಶುರುವಾಗಿತ್ತು. ಡಬ್ಬಿಯನ್ನು ಅವರ ಕೈಗೆ ಕೊಟ್ಟೆ.

ಮೇ ತಿಂಗಳಿಡೀ ನಮ್ಮ ಮನೆಯಲ್ಲಿ ಅಕ್ಕಿಗೆ ಅಂಗಿ ತೊಡಿಸುವ ಕೆಲಸ ನಡೆಯಿತು. ನೀಲಿ ಅಂಗಿ, ಬಿಳಿ ಅಂಗಿ, ಹಸಿರು ಸೀರೆ. ಮಗಳ ಕಾಲೇಜಿನ ಪ್ರವೇಶದ ಕಾಗದಗಳ ಮೇಲೆ ಕೂಡ ಎರಡು ದಿನ ಜನ ಒಣಗಿದರು. ಕೊನೆಗೆ ಅವರನ್ನೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಅಂಟಿಸಿ, ಸಮನಾಗಿ, ಒಬ್ಬರಿಂದೊಬ್ಬರಿಗೆ ಮರ್ಯಾದೆಯ ಅಂತರ ಬಿಟ್ಟು ನಿಲ್ಲಿಸಿದರು. ಫೋಟೋ ನೋಡಿದ ರಿತೇಶ್, ಯಾವ ಶಾಲೆಯ ಪ್ರಾರ್ಥನೆ ಇದು ಎಂದು ಮರಾಠಿಯಲ್ಲಿ ಕೇಳಿದ.

ಇನ್ನು ಕಾದರೆ ನಾನು ನಿವೃತ್ತಿಯಾಗುವವರೆಗೂ ನೆಲದಲ್ಲೇ ಮಲಗಬೇಕು ಎನಿಸಿತು. ಅವರು ತರಕಾರಿ ತರಲು ಹೋದಾಗ ನಾನು ಚಿಮಟ ಹಿಡಿದು ಒಳಗೆ ಹೋದೆ. ಡೊಂಬಿವಲಿಯಲ್ಲಿ ಜನ ಪ್ಲಾಟ್‌ಫಾರ್ಮಿನ ತುಂಬ ನಿಲ್ಲುವುದಿಲ್ಲ. ಗಾಡಿಯ ಬಾಗಿಲು ಎಲ್ಲಿ ಬರುತ್ತದೋ ಅಲ್ಲಿ ಗುಡ್ಡೆ ಬೀಳುತ್ತಾರೆ, ನಡುವೆ ಖಾಲಿ ಇರುತ್ತದೆ. ಎಲ್ಲರ ಒಂದು ಭುಜ ಮುಂದಿರುತ್ತದೆ. ಹೆಂಗಸರ ಡಬ್ಬಿಯ ಹತ್ತಿರದ ಗುಡ್ಡೆ ಇನ್ನೂ ಬಿಗಿ. ನಾನು ಕಿತ್ತೆ, ಒತ್ತಿದೆ, ಮೂರು ಕಾಳನ್ನು ಹಳಿಯ ಅಂಚಿಗೆ ವಾಲಿಸಿದೆ. ಅಂಟು ಅಂಟಿದ ಬೆರಳಿನಲ್ಲೇ ಹುಳಿಗೆ ಬೇಳೆ ಇಟ್ಟೆ.

ಬಂದು ನೋಡಿದ ಇವರು ತರಕಾರಿ ಚೀಲವನ್ನು ಬಾಗಿಲಲ್ಲೇ ಇಟ್ಟರು. ಮೊಬೈಲನ್ನು ತಲೆಕೆಳಗು ಮಾಡಿ ಫೋಟೋ ತೆಗೆದರು. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತ ಅದನ್ನು ಗ್ರೂಪಿಗೆ ಹಾಕಿದರು, ಜೊತೆಗೆ ಒಂದಕ್ಷರವನ್ನೂ ಬರೆಯದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಮುಂಬೈ ಕಡೆಗೆ ಹೋಗುವವರು ವಿಪರೀತ ಗರ್ದಿ, ಅಂದರೆ ನೂಕುನುಗ್ಗಲು, ಕಂಡರೆ ಉಲ್ಟಾ ಗಾಡಿ ಹತ್ತಿ ಹಿಂದಕ್ಕೆ, ಕಲ್ಯಾಣಕ್ಕೆ ಹೋಗುತ್ತಾರೆ. ಅಲ್ಲಿಂದ ಹೊರಡುವ ಗಾಡಿಯಲ್ಲಿ ಸೀಟು ಹಿಡಿದು, ತಮ್ಮ ಸ್ಟೇಷನ್ನಿನ ಮೇಲೆಯೇ ರಾಜರ ಹಾಗೆ ಕೂತು ಹಾದು ಹೋಗುತ್ತಾರೆ. ದಿಲೀಪ ಮನೆಯಿಂದ ಹೊರಡುತ್ತಲೇ ಫೋಟೋ ನೋಡಿದ. ನೇರ ಉಲ್ಟಾ ಗಾಡಿ ಹತ್ತಿದ. ವಾಪಸ್ಸು ಬರುವ ಗಾಡಿ ಮುಂಬ್ರಾದ ಗುಡ್ಡದ ಬಳಿ ಸುಮಾರು ಹೊತ್ತು ನಿಂತಿತು, ಕಾರ್ಖಾನೆಯಲ್ಲಿ ಅವನ ಅರ್ಧ ದಿನ ಹೋಯಿತು. ಡೊಂಬಿವಲಿಯಲ್ಲಿ ಅಂದು ಎಂದಿನಷ್ಟೇ ಜನ ಇದ್ದರು, ಫೋಟೋದಲ್ಲಿದ್ದದ್ದು ಬಣ್ಣ ಬಳಿದ ಅಕ್ಕಿ ಎಂದು ಗುಂಪಿನವರು ತಿಳಿಸಿದ ಮೇಲೆ, ಸಂಜೆ ಅವನ ಫೋನು ಬಂತು. ಇವರು ಸ್ಪೀಕರ್ ಹಾಕಿ, ನನಗೆ ಕೇಳಿಸಲೆಂದೇ ದೊಡ್ಡದು ಮಾಡಿದರು.

"ವಸಂತಣ್ಣಾರ, ನಿಮ್ಮ ಅಕ್ಕಿ ನೋಡಿ ನಾ ಕಲ್ಯಾಣಕ್ಕ ಹೋಗಿ ಬಂದೀನ್ರಿ," ಎಂದ ದಿಲೀಪ. "ನನ್ನ ಸಾಹೇಬಗ ಏನಂತ ಹೇಳ್ಲಿ? ಅಕ್ಕಿ ಗರ್ದಿ ಮಾಡಿತ್ತು ಅಂತ ಹೇಳ್ಲೇನು?"

ಇವರಿಗೆ ಸಂತೋಷದಲ್ಲಿ ಕಣ್ಣು ಒದ್ದೆಯಾಯಿತು. ಯಾರಾದರೂ ಪ್ರಶಸ್ತಿ ಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ಆ ಹಿಗ್ಗಿನ ನಡುವೆ ನಾನು ಕೋಣೆಯ ಮಾತೆತ್ತಿದೆ. ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡು, ನ್ಯಾಯಾಧೀಶರ ಹಾಗೆ ನಿಧಾನವಾಗಿ ಹೇಳಿದರು.

"ಜನ ನಿಲ್ಲಿಸಿದ್ದು ನೀನಲ್ವಾ ಮಾರಾಯ್ತಿ. ಅದು ನನ್ನ ಫೋಟೋ ಹೇಗಾಗ್ತದೆ? ಮಾತು ಇದ್ದದ್ದು ನನ್ನ ಫೋಟೋದ ಬಗ್ಗೆ."

"ಪಪ್ಪಾ, ಹೀ ಚೀಟಿಂಗ್ ಆಹೇ," ಎಂದಳು ನಿಕಿತಾ.

ಇದು ಕಲೆಯ ಪ್ರಶ್ನೆ, ನಿಮಗೆ ಅರ್ಥವಾಗುವುದಿಲ್ಲ ಎಂದು ಸ್ನಾನಕ್ಕೆ ಹೋದರು. ಗ್ರೂಪಿನಲ್ಲಿ ಮಾತ್ರ ಶಹಬ್ಬಾಸ್‌ಗಳೆಲ್ಲ ಅವರ ಹೆಸರಿಗೇ ಬಂದವು, ಒಂದನ್ನೂ ನನ್ನ ಕಡೆ ದಾಟಿಸಲಿಲ್ಲ. ಸ್ಟೇಷನ್ನನ್ನು ಅವರು ಕಟ್ಟಿದ್ದು, ಫೋಟೋ ಅವರು ತೆಗೆದದ್ದು, ಹೊಗಳಿಕೆ ಅವರದು. ಕೋಣೆ ಉಳಿಸಿಕೊಳ್ಳಲು ಸೋಲು ಬೇಕಾದ ಕ್ಷಣಕ್ಕೆ ಮಾತ್ರ ನಾನು ಕಲಾವಿದೆಯಾದೆ. ಮರುದಿನದ ಡಬ್ಬಿಗೆ ಅವರಿಗೆ ಉಪ್ಪಿಲ್ಲದ ಉಪ್ಪಿಟ್ಟು ಹೋಯಿತು.

ಜೂನಿನ ಮಳೆ ಹಿಡಿಯಿತು. ಕೋಣೆಯ ಕಿಟಕಿ ಮುಚ್ಚಿಯೇ ಇತ್ತು, ಗಾಳಿಗೆ ಪ್ರಯಾಣಿಕರು ಬೀಳಬಾರದಲ್ಲ. ಒಂದು ಸಂಜೆ ಒಳಗಿನಿಂದ ಇವರು ಕರೆದರು. ಹಸಿರು ಸೀರೆಯ ಹೆಂಗಸಿನ ಬೆನ್ನಿನಲ್ಲಿ ಸೂಜಿ ಚುಚ್ಚಿದಂಥ ತೂತು. ಪಕ್ಕದ ನೀಲಿ ಅಂಗಿಯವನಿಗೂ ಅಷ್ಟೇ. ಅವನ ತೂತಿನಿಂದ ಮೂತಿ ಉದ್ದದ ಕಪ್ಪು ಹುಳವೊಂದು ಹೊರಬಂದು, ಎಲ್ಲಿಗೆ ಬಂದೆನೆಂದು ಅತ್ತಿತ್ತ ನೋಡಿ, ಮೇಲ್ಸೇತುವೆಯ ಮೆಟ್ಟಿಲು ಹತ್ತಿತು.

ಬಿಸಿಲಿಗೆ ಹಾಕದ ಅಕ್ಕಿ. ಮೊಟ್ಟೆ ಒಳಗೇ ಇತ್ತು, ಬಣ್ಣ ಮೇಲೆ ಬಿತ್ತು. ಅಂಗಿ ತೊಟ್ಟ ಜನ ಒಳಗಿಂದ ಒಳಗೇ ಹಿಟ್ಟಾಗುತ್ತ ತಮ್ಮ ಗಾಡಿಗೆ ಕಾಯುತ್ತಿದ್ದರು. ವಾರದೊಳಗೆ ಅರ್ಧ ಪ್ಲಾಟ್‌ಫಾರ್ಮು ವಾಲಿತು; ಒಬ್ಬರು ಇನ್ನೊಬ್ಬರ ಮೇಲೆ, ಕೆಲವರ ತಲೆ ಮಾತ್ರ ಉರುಳಿ ಹಳಿಗೆ. ಹಿಟ್ಟಿನ ವಾಸನೆಗೆ ಇರುವೆ ಬಂದವು. ಅವಕ್ಕೆ ಥರ್ಮೋಕೋಲ್ ಬಹಳ ಹಿಡಿಸಿತು, ಪ್ಲಾಟ್‌ಫಾರ್ಮಿನ ಒಳಗೇ ಗೂಡು ಮಾಡಿದವು. ಆಮೇಲೆ ಶಿಸ್ತಾಗಿ ಹಳಿಯ ಮೇಲೆ ಸಾಲುಗಟ್ಟಿ, ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಕಲ್ಯಾಣದ ದಿಕ್ಕಿಗೆ ಹೊರಟವು. ಆ ಲೇಔಟಿನಲ್ಲಿ ಸಮಯಕ್ಕೆ ಸರಿಯಾಗಿ ನಡೆದ ಸೇವೆ ಅದೊಂದೇ. ಬಾಗಿಲ ಸಂದಿಯಿಂದ ಬೆಲ್ಲದ ಡಬ್ಬಿಯವರೆಗೆ ಒಂದು ಬ್ರಾಂಚ್ ಲೈನೂ ಶುರುವಾಯಿತು.

ಇವರು ಮೂರು ದಿನ ಹುಳ ಹೆಕ್ಕಿದರು. ನಾಲ್ಕನೆಯ ದಿನ, ಬಹುಶಃ ಬೇರೇನೂ ತೋಚದೆ, ಮೊಬೈಲನ್ನು ತಲೆಕೆಳಗು ಮಾಡಿ ಒಂದು ಫೋಟೋ ತೆಗೆದರು. ಹಳದಿ ಕಾಗದ ಇಲ್ಲ, ಪೌಡರ್ ಇಲ್ಲ, ಕಿಟಕಿಯ ಮಳೆಗಾಲದ ಬೆಳಕು ಅಷ್ಟೇ. ನಾನು ಯಾವ ಕಾಳನ್ನೂ ಮುಟ್ಟಿರಲಿಲ್ಲ. ಫೋಟೋದ ಒಂದು ಮೂಲೆಯನ್ನು, ಇರುವೆಗಳು ಕಾಣದಂತೆ ಕತ್ತರಿಸಿ, ಗ್ರೂಪಿಗೆ ಹಾಕಿದರು. ಬೈಸಿಕೊಳ್ಳಲೆಂದೇ ಹಾಕಿದಂತಿತ್ತು.

ರಿತೇಶ್ ಇದೂ ಅಕ್ಕಿಯೇ, ಈ ಸಲ ಯಾರೂ ಮೋಸಹೋಗಬೇಡಿ ಎಂದು ಬರೆದ. ಕಲ್ಯಾಣಕ್ಕೆ ಹೋಗಿ ಬಂದ ದಿಲೀಪ ಮಾತ್ರ ಒಪ್ಪಲಿಲ್ಲ. ಮೊಬೈಲಿನಲ್ಲಿ ಅವನ ದನಿ ಬಂತು.

"ಇದು ಅಕ್ಕಿ ಅಲ್ಲ ಬಿಡ್ರಿ, ಖರೇದು. ಸಂಜೀ ಗಾಡಿ ಬಿಟ್ಟು ಹೋದ ಮ್ಯಾಲಿನ ಫೋಟೋ. ಬೆಳಿಗ್ಗಿ ಮಂದಿ ಹಿಂಗ ನಿಂದರಂಗಿಲ್ಲ. ಕಂಬದ ಬಾಜೂಕ ಜೋತು ಬಿದ್ದಾಂವ ನಾನ ಅದೀನಿ ನೋಡ್ರಿ, ಅಂಗಿ ಸುದ್ದಾ ನಂದ."

ಆ ಮೇಲೆ ಗ್ರೂಪಿನಲ್ಲಿ ಯಾರೂ ನಗಲಿಲ್ಲ. ಇನ್ನೊಬ್ಬರು ತಮ್ಮನ್ನೂ ಗುರುತಿಸಿಕೊಂಡರು, ಬೆಂಚಿನ ಬಳಿ, ಬಿಳಿ ಅಂಗಿಯಲ್ಲಿ. ಇವರು ಆ ದನಿಯನ್ನು ಎರಡು ಸಲ ಕೇಳಿ, ಮೊಬೈಲನ್ನು ಕೆಳಗಿಟ್ಟು, ನನ್ನ ಕಡೆ ನೋಡಿದರು. ನಾನು ಬೀನ್ಸ್ ಹೆಚ್ಚುತ್ತಿದ್ದೆ, ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಇದಕ್ಕೆ ನಾನು ಕೈ ಹಾಕಿಲ್ಲ," ಎಂದೆ. "ಪೂರ್ತಿ ನಿಮ್ಮದೇ."

 ಹುಳಗಳ ಹೆಸರು ಹೇಳಿ ಅವರು ನುಣುಚಿಕೊಳ್ಳಬಹುದಿತ್ತು. ಆದರೆ ಜೀವನದಲ್ಲಿ ಸಿಕ್ಕ ಮೊದಲ ನಿಜವಾದ ಮೆಚ್ಚುಗೆಯನ್ನು ಹುಳಗಳಿಗೆ ಬಿಟ್ಟುಕೊಡಲು ಕಲಾವಿದನಿಗೆ ಮನಸ್ಸು ಬರಲಿಲ್ಲ.

ಭಾನುವಾರ ರಾಯಚೂರು ಕಡೆಯ ಬಡಗಿ ಯಂಕಪ್ಪ ಬಂದ. ಲೇಔಟಿನ ಹಲಗೆಗೆ ಕಾಲು ಹೊಡೆದವನು ಅವನೇ, ಕೋಣೆಯ ಒಳಗೇ ಕೂತು. ಅಂದು ಯಾರಿಗೂ ಹೊಳೆಯದ ಸಂಗತಿ ಇಂದು ಮೂವರಿಗೂ ಒಟ್ಟಿಗೆ ಹೊಳೆಯಿತು: ಹಲಗೆ ಬಾಗಿಲಿಗಿಂತ ದೊಡ್ಡದು. ಉದ್ದಕ್ಕೆ ಹಿಡಿದರು, ಓರೆಗೆ ಹಿಡಿದರು, ಡೊಂಬಿವಲಿಯನ್ನು ನೆಟ್ಟಗೆ ನಿಲ್ಲಿಸಿದರು; ಉಳಿದ ಪ್ರಯಾಣಿಕರು ಯಂಕಪ್ಪನ ತಲೆಯ ಮೇಲೆ ಸುರಿದರು. ಕೊಯ್ಯೂದ ಆಗ್ತದ್ರಿ ಸರ ಎಂದ. ಎಲ್ಲಿ ಕೊಯ್ಯಬೇಕೆಂದು ಇವರೇ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಟ್ಟರು, ಮೇಲ್ಸೇತುವೆಗೆ ತಾಗದಂತೆ. ಗರಗಸ ಆಡುವಾಗ ಹೊರಗೆ ಹೋಗಿ ನಿಂತರು. ಎರಡೂ ತುಂಡು ತಾರಸಿಗೆ ಹೋದವು, ಇರುವೆಗಳ ಸಮೇತ.

ಮಂಚ ಬರುವುದಕ್ಕೆ ಕಾಯಲು ನಾನು ತಯಾರಿರಲಿಲ್ಲ. ನೆಲ ಒರೆಸಿ, ಹಾಸಿಗೆ ಹಾಸಿ, ಊಟವಾದ ಕೂಡಲೇ ಬಾಗಿಲು ಮುಚ್ಚಿಕೊಂಡೆ. ನಿಕಿತಾ ಮೊದಲೇ ನುಸುಳಿ ಗೋಡೆಯ ಕಡೆ ಮಲಗಿದ್ದಳು, ಮೊಬೈಲಿಲ್ಲದೆ. ಕಣ್ಣು ಹತ್ತುವ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆಯಿತು. ದಿಂಬು ಹಿಡಿದುಕೊಂಡು ಇವರು ನಿಂತಿದ್ದರು. ಲೋಕಲ್ಲಿನಲ್ಲಿ ಮೂರು ಜನರ ಬೆಂಚಿಗೆ ನಾಲ್ಕನೆಯವನು ಬಂದು ನಿಲ್ಲುತ್ತಾನಲ್ಲ, ಬಾಯಿ ಬಿಟ್ಟು ಏನೂ ಕೇಳದೆ, ಸುಮ್ಮನೆ ತುದಿಯನ್ನೇ ನೋಡುತ್ತ, ಹಾಗೆ.

"ಎಲ್ಲಿ ಇಳೀತೀರಿ?" ಎಂದು ಕೇಳಿದೆ.

"ಸಂಜೆ ಚಾದವರೆಗೆ," ಎಂದರು.

ತುದಿಯಲ್ಲಿ ಒಂದು ಗೇಣು ಬಿಟ್ಟುಕೊಟ್ಟೆ. ಅರ್ಧ ಮೈ ಹಾಸಿಗೆಯ ಮೇಲೆ, ಅರ್ಧ ನೆಲದ ಮೇಲೆ. ಇಪ್ಪತ್ತು ವರ್ಷದ ಅಭ್ಯಾಸ, ಬೀಳಲಿಲ್ಲ. ಹೋಗುವಾಗ ಬಾಗಿಲು ಮುಚ್ಚಿ ಹೋಗಿ ಎಂದು ಹೇಳಿ ನಾನು ಮಗ್ಗುಲಾದೆ.