ಸುತ್ತಿಗೆಗೆ ಮುಂಚಿನ ನೀರು

ಗೋಡೆಗೆ ಎರಡು ಮಗ್ಗುಲು. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಮನೆ ಒಡೆಸಲು ನಿಂತಾಗ ಎಲ್ಲರ ಕಣ್ಣಿಗೂ ಒಂದೇ ಮಗ್ಗುಲು.

ಧಾರವಾಡದ ಯಾಕೂಬಸಾಬರು ಮೂವತ್ತು ವರ್ಷಗಳಿಂದ ಹಳೆಯ ಮನೆಗಳನ್ನು ಒಡೆದು ಹೊಸದಾಗಿಸುತ್ತ ಬಂದವರು. ಕೂತಲ್ಲಿ ಕೂರಲಾರದ ಜೀವ. ಚಹಾದಂಗಡಿಯ ಕಟ್ಟೆ, ಬಸ್ಸಿನ ತಗಡು, ದವಾಖಾನೆಯ ಬಾಗಿಲು, ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು, ಕತ್ತು ವಾಲಿಸಿ ಆಲಿಸುವುದು ಅವರ ಚಟ. ಸೋದರಳಿಯನ ನಿಕಾಹದ ದಿನ ಶಾದಿಮಹಲಿನ ಕಂಬ ಬಡಿದು, “ಒಳಗ ಬರೇ ಟೊಳ್ಳು” ಎಂದು ಬೀಗರೆದುರೇ ಹೇಳಿ, ಹೆಂಡತಿ ಯಾಸ್ಮಿನರಿಂದ ವಾರಗಟ್ಟಲೆ ಬೈಸಿಕೊಂಡಿದ್ದರು.

ಒಡೆಯುವ ಹತ್ಯಾರಗಳೆಂದರೆ ಅವರಿಗೆ ಪ್ರಾಣ. ಎಂಟು ಕಿಲೋದ ಸುತ್ತಿಗೆಯ ಜಾಲಿಯ ಕಾವಿಗೆ ಶುಕ್ರವಾರಕ್ಕೊಮ್ಮೆ ಕುಸುಬಿ ಎಣ್ಣೆ ತೀಡುತ್ತಾರೆ. ನೆಲದ ಮೇಲಿನ ಹಾರೆಯನ್ನು ಯಾರಾದರೂ ದಾಟಿದರೆ ಮುಖ ಕಿವಿಚುತ್ತಾರೆ. ಹೋದ ವರ್ಷ ಕೊಂಡ, ಗೋಡೆ ಒಡೆಯುವ ಕರೆಂಟಿನ ಬ್ರೇಕರಿಗೆ ಅವರಿಟ್ಟ ಹೆಸರು ‘ಹೊಸ ಅಳಿಯ’. “ಗದ್ದಲ ಭಾಳ, ಉಣ್ಣೋದು ಭಾಳ, ಸಿಟ್ಟ ಬಂದರ ನಡುವ ನಿಂತಬಿಡತಾನ.”

ಇಂಥ ತುರಿಸುವ ಕೈಗೆ ಒಂದು ಕಟ್ಟಳೆ ಇದೆ. ಮೊದಲ ಏಟಿಗೆ ಮುಂಚೆ ಅವರು ನೆರೆಮನೆಗೆ ಹೋಗಿ ಒಂದು ತಂಬಿಗೆ ನೀರು ಕೇಳುತ್ತಾರೆ. ನೀರನ್ನು ಎತ್ತಿ ಕುಡಿಯಬೇಕು. ಎತ್ತಿ ಕುಡಿಯುವವನ ಕಣ್ಣು ತಾನಾಗಿ ಚಾವಣಿಗೆ ಹೋಗುತ್ತದೆ. ಯಾವ ತೊಲೆಯ ತುದಿ ಯಾವ ಗೋಡೆಯೊಳಗೆ ಕೂತಿದೆ ಎಂಬುದು ಮೂರು ಗುಟುಕಿನಲ್ಲಿ ತಿಳಿಯುತ್ತದೆ. ಹರೆಯದಲ್ಲಿ ಈ ಕಟ್ಟಳೆ ಇರಲಿಲ್ಲ. ಆಗ ಕೆಲಗೇರಿಯಲ್ಲಿ ಒಂದು ಗೋಡೆ ಕೆಡವಿದಾಗ ಆಚೆ ಮನೆಯ ತೊಲೆ ಜಾರಿ, ಏಳು ವರ್ಷದ ಸಿತಾರಾಳ ಬಲಗೈ ಮೇಲೆ ಬಿತ್ತು. ಆಕೆ ಈಗ ಸಾಲಿಯ ಶಿಕ್ಷಕಿ. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾಳೆ. ಆ ಸಾಲಿಯ ಓಣಿಯಲ್ಲಿ ಯಾಕೂಬಸಾಬರು ಇಂದಿಗೂ ಕಾಲಿಡುವುದಿಲ್ಲ.

ಮೊನ್ನೆ ಅಮರಗೋಳದ ಕಾಳಿನ ವ್ಯಾಪಾರಿ ಗುರುಪಾದ, ಧಾರವಾಡದ ತನ್ನ ಹಳೆಯ ಮನೆಯ ನಡುಮನೆಯನ್ನು ಹಾಲ್ ಮಾಡಬೇಕೆಂದು ಅವರನ್ನು ಕರೆಸಿದ. ಆಚೆ ಮನೆಗೆ ತಾಗಿದ ಗೋಡೆಯನ್ನು ಕೆಡವಿ, ತೆಳ್ಳಗಿನ ಹೊಸ ಗೋಡೆ ಕಟ್ಟಿದರೆ ಒಂದೂವರೆ ಅಡಿ ಜಾಗ ಸಿಗುತ್ತದೆಂಬ ಲೆಕ್ಕ.

“ಎಂಜಿನಿಯರು ಸಹಿ ಮಾಡ್ಯಾನ. ಏನೂ ಭಾರ ಇಲ್ಲ ಇದರ ಮ್ಯಾಲ. ಹೊಡಿ.”

ಎರಡಡಿ ದಪ್ಪದ ಮಣ್ಣಿನ ಗೋಡೆ. ಅದನ್ನು ಕಂಡು ಅವರ ಕೈ ತುರಿಸಿತು. ಆದರೂ ಆಚೆಗೆ ಹೋದರು. ಅಲ್ಲಿ ಕಾಳವ್ವ ಐದು ಜನ ಹೆಂಗಸರೊಂದಿಗೆ ಖಾನಾವಳಿಗಳಿಗೆ ರೊಟ್ಟಿ ಬಡಿಯುತ್ತಿದ್ದಳು.

“ಗ್ವಾಡಿ ಒಡಿಯಾಕ ಬಂದು ನಮ್ಮನಿ ನೀರ ಕೇಳ್ತೀರಲ್ಲರಿ, ಭಾಳ ಶಾಣ್ಯಾ ಅದೀರಿ” ಎನ್ನುತ್ತಲೇ ತಂಬಿಗೆ ಕೊಟ್ಟಳು.

ಎತ್ತಿ ಕುಡಿದರು. ಆಕೆಯ ಮೂರೂ ತೊಲೆಗಳು ಅದೇ ಗೋಡೆಯ ಮೇಲೆ. ತೊಲೆಗಳ ಕೆಳಗೆ ಆರು ತಲೆ.

ತಿರುಗಿ ಬಂದು ಸುತ್ತಿಗೆಯನ್ನು ಚೀಲಕ್ಕೆ ಹಾಕಿದರು. “ಸಾವ್ಕಾರ್ರ, ಇದು ಸಾಮಾಯಿಕ ಗ್ವಾಡಿ. ನಿಮ್ಮದೂ ಹೌದು, ಆಕಿದೂ ಹೌದು. ನನ್ನ ಕಡಿಂದ ಆಗಂಗಿಲ್ಲ.”

“ನೀರ ಕುಡಿಯಾಕ ಹೋಗಿ ಎಂಜಿನಿಯರ್ ಆಗಿ ಬಂದಿಯೇನು?”

“ಇಲ್ಲರಿ. ನಿಮ್ಮ ಎಂಜಿನಿಯರಗ ನೀರಡಿಕಿ ಆಗಿಲ್ಲ, ಅಷ್ಟ.”

ಮರುದಿನ ಮುಂಜಾನೆ ಗುರುಪಾದ ಫಾರೂಕನನ್ನು ಕರೆತಂದ. ಯಾಕೂಬಸಾಬರ ಕೈಕೆಳಗೇ ಕೆಲಸ ಕಲಿತವನು, ಅವಸರದವನು. ನೀರು ಕೇಳುವ ಪಾಠವೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿತಿದ್ದ. ಬ್ರೇಕರ್ ಎತ್ತುವ ಮುಂಚೆ ರೂಢಿಯಂತೆ ಗೆಣ್ಣಿನಿಂದ ಗೋಡೆ ಬಡಿದ. ಗೋಡೆಯಲ್ಲಿನ ಒಡೆದ ಗೂಡಿನ ಕಿಂಡಿಯ ಆಚೆಯಿಂದ ಅದೇ ತಾಳದಲ್ಲಿ ಬಡಿತ ಮರಳಿ ಬಂತು.

“ಯಾರದು?”

“ನಾನ. ಬೆನ್ನ ಹಚ್ಚಿ ಕುಂತೇನಿ. ರೊಟ್ಟಿ ಬಿಸಿ ಅದಾವ. ನೀ ಹೊಡಿ, ನಾ ಉಣ್ತೇನಿ.”

“ಉಸ್ತಾದ, ಏಳ್ರಿ ಅಲ್ಲಿಂದ.”

“ಸಿತಾರಾನ ಕೈ ಕತಿ ಹೇಳಿದ್ದು ನೆನಪೈತೇನು ನಿನಗ?”

ಫಾರೂಕ ಬ್ರೇಕರಿನ ಪ್ಲಗ್ ಕಿತ್ತ.

ಗೋಡೆ ಇನ್ನೂ ನಿಂತಿದೆ. ಗುರುಪಾದ ಬೇರೆ ಊರಿನವರಿಗೆ ಫೋನು ಮಾಡುತ್ತಲೇ ಇದ್ದಾನೆ. ಯಾಕೂಬಸಾಬರು ದಿನಾ ಮುಂಜಾನೆ ಚಡಪಡಿಸುತ್ತ ಕಾಳವ್ವನ ಮನೆಗೆ ಬಂದು, ಗೋಡೆ ಬಡಿದು ನೋಡಿ ಹೋಗುತ್ತಾರೆ. ಒಡೆಯುವುದನ್ನು ಇಷ್ಟು ಪ್ರೀತಿಸುವ ಮನುಷ್ಯ ಒಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆಂದರೆ ಅದು ಸಣ್ಣ ಮಾತಲ್ಲ. ಪದವಿಯ ಚೀಟಿ ಇಲ್ಲದ ಇಂಥ ನಾಲ್ಕಾರು ಜನರ ಅಂಜಿಕೆಯ ಮೇಲೆ ನಮ್ಮ ಅರ್ಧ ಊರು ನಿಂತಿದೆ. ಕಾರಿನಿಂದ ಇಳಿಯದೆ ಸಹಿ ಹಾಕುವವರಿಗೆ ಆ ಅಂಜಿಕೆಯನ್ನು ಯಾವ ಕಾಲೇಜೂ ಕಲಿಸಿಲ್ಲ. ಕಲಿಸಿರೆಂದು ನಾವೂ ಕೇಳಲಿಲ್ಲ.

ಗುರುಪಾದನನ್ನು ಬೈಯುವುದು ಸುಲಭ. ನೀವೂ ಈ ಬೇಸಿಗೆಯಲ್ಲಿ ಹಾಲ್ ದೊಡ್ಡದು ಮಾಡಿಸಬೇಕೆಂದಿದ್ದೀರಿ. ಮಾಡಿಸಿ. ಆದರೆ ಸುತ್ತಿಗೆಯವರನ್ನು ಕರೆಯುವ ಮೊದಲು ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಕದ ಬಡಿದು, ಒಂದು ತಂಬಿಗೆ ನೀರು ಕೇಳಿ. ಎತ್ತಿ ಕುಡಿಯಿರಿ. ಕಣ್ಣು ಮುಚ್ಚಬೇಡಿ.