ಬುಗುರಿ ಬಸ್ಸು ಹತ್ತಿದ ದಿನ

ಮಕ್ಕಳನ್ನು ಕಟ್ಟಿಕೊಂಡು ದೂರದ ಊರಿಗೆ ಹೋಗುವುದೆಂದರೆ ಎಂಥ ಗಟ್ಟಿ ಗುಂಡಿಗೆಯವರಿಗೂ ಬೆವರು ಕಿತ್ತುಕೊಂಡು ಬರುತ್ತದೆ. ನಮ್ಮ ಟೈಲರ್‌ದೂ ಅದೇ ಪಾಡು. ಎಂಥ ಡೊಂಕು ಮೈಗಾದರೂ ನೆಟ್ಟಗೆ ಕೂರುವ ಅಂಗಿ ಹೊಲಿದು ಕೊಡುವ ಕೈ ಅವನದು. ಆದರೆ ತನ್ನ ಎರಡು ಮಕ್ಕಳನ್ನು ಬಸ್ಸಿನ ಸೀಟಿನಲ್ಲಿ ನೆಟ್ಟಗೆ ಕೂರಿಸುವುದು ಮಾತ್ರ ಅವನಿಂದ ಆಗಿರಲಿಲ್ಲ.

ದೊಡ್ಡವಳಿಗೆ ಆರು ವರ್ಷ. ಬಾಯಿಗೆ ಬೀಗವಿಲ್ಲ, ಹಾಗಾಗಿ ಬೀದಿಯವರೆಲ್ಲ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಚಿಕ್ಕವನಿಗೆ ಆಗಷ್ಟೇ ಎರಡು ತುಂಬಿತ್ತು. ಕಾಲು ನೆಲಕ್ಕೆ ಸೋಕಿದರೆ ಸಾಕು, ಗಿರ್ರನೆ ಸುತ್ತುತ್ತಿದ್ದ. ಅವನು ಬುಗುರಿ. ಕಳೆದ ವರ್ಷ ಇವರಿಬ್ಬರನ್ನೂ ಕರೆದುಕೊಂಡು ಟೈಲರ್ ಮತ್ತು ಅವನ ಹೆಂಡತಿ ದೂರದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದರು. ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಇಳಿಯುವ ದಾರಿ. ಅರ್ಧ ದಾರಿಯೂ ಆಗಿರಲಿಲ್ಲ, ಬುಗುರಿ ಆಕಾಶ ಭೂಮಿ ಒಂದು ಮಾಡಿ ಅತ್ತ. ಗಿಣಿ ಮುಂದಿನ ಸೀಟನ್ನು ಒಂದೇ ಸಮ ಒದೆಯುತ್ತಿದ್ದಳು. ಅಲ್ಲಿ ಕೂತಿದ್ದವರು ಕೊನೆಗೆ ಎದ್ದು ನಿಂತು, "ಮಕ್ಕಳನ್ನ ಸುಧಾರಿಸೋಕೆ ಬರದಿದ್ರೆ ಮನೇಲಿ ಇರ್ಬೇಕಪ್ಪ" ಅಂದುಬಿಟ್ಟರು.

ಟೈಲರ್‌ಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗಿಣಿಯನ್ನು ಎಂಥ ಗದರು ಗದರಿದನೆಂದರೆ ಇಡೀ ಬಸ್ಸೇ ತೆಪ್ಪಗಾಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನ ಬಸ್ಸು ಹಿಡಿದು, ಎಲ್ಲರೂ ಮುಖ ಊದಿಸಿಕೊಂಡು ಮನೆಗೆ ವಾಪಸು ಬಂದರು. ಇನ್ನು ಈ ಜನ್ಮದಲ್ಲಿ ಮಕ್ಕಳ ಜೊತೆ ಬಸ್ಸು ಹತ್ತುವುದಿಲ್ಲ ಎಂದು ಟೈಲರ್ ಶಪಥ ಮಾಡಿದ.

ಶಪಥವೇನೋ ಮಾಡಿದ. ಆದರೆ ಅಕ್ಕ ಕೇಳಬೇಕಲ್ಲ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈಚೆಗೆ ಬಿದ್ದು ಅದೇ ಸೊಂಟದ ಮೂಳೆ ಮುರಿದುಕೊಂಡು, ಕೋಲಿಲ್ಲದೆ ಹೊಸಿಲು ದಾಟಲಾರದ ಸ್ಥಿತಿಗೆ ಬಂದಿದ್ದಳು. ಬುಗುರಿಯನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ.

"ಫೋನಿನ ಗಾಜು ಮುದ್ದು ಮಾಡಿ ಮಾಡಿ ಸಾಕಾಗಿದೆ ಕಣೋ" ಅಂದಳು ಒಂದು ದಿನ. "ಮಕ್ಕಳನ್ನ ಕರ್ಕೊಂಡು ಬಾ. ನೀನೊಬ್ನೇ ಬಂದ್ರೆ ಬಾಗಿಲು ತೆಗೆಯಲ್ಲ, ಹೇಳಿದೀನಿ."

ನಗುತ್ತಲೇ ಹೇಳಿದಳು, ಆದರೆ ಕೊನೆಯ ಮಾತಿಗೆ ದನಿ ಒಡೆಯಿತು. ಫೋನಿಟ್ಟ ಮೇಲೆ ಟೈಲರ್ ಬಹಳ ಹೊತ್ತು ಮೆಷಿನ್ ತುಳಿಯಲಿಲ್ಲ. ಹೋಗಲೇಬೇಕು. ಹೇಗೆ ಹೋಗುವುದು ಅನ್ನುವುದೇ ಪ್ರಶ್ನೆ.

ಮಾರನೆಯ ದಿನ ನರ್ಸಕ್ಕ ಬಂದರು. ಪಕ್ಕದ ಬೀದಿಯವರು, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ. ಅವರ ಸಮವಸ್ತ್ರ ಸೊಂಟದ ಹತ್ತಿರ ಬಿಗಿಯಾಗಿತ್ತು. "ಬಟ್ಟೆ ಒಗೆದು ಒಗೆದು ಕುಗ್ಗಿದೆ" ಅಂದರು ನರ್ಸಕ್ಕ. "ಹೌದೌದು, ಬಟ್ಟೆಯದೇ ತಪ್ಪು" ಅಂದ ಟೈಲರ್. ಅವನ ಹೆಂಡತಿ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನರ್ಸಕ್ಕನ ಸೊಂಟದ ಸುತ್ತ ಬಿಚ್ಚಬೇಕಾದ ಹೊಲಿಗೆಗೆ ಗುರುತು ಮಾಡತೊಡಗಿದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಡೆ ಕತ್ತರಿ, ಇನ್ನೊಂದು ಕಡೆ ಕಾದ ಇಸ್ತ್ರಿ ಪೆಟ್ಟಿಗೆ, ನೆಲದ ತುಂಬ ಸೂಜಿ. ಬುಗುರಿ ಚಿಂದಿ ಬುಟ್ಟಿಗೆ ಕೈ ಹಾಕಿದ. "ಮುಟ್ಬೇಡ" ಅಂದ ಟೈಲರ್. ಮಗ ನೂಲಿನ ಉಂಡೆ ಎಳೆದ. "ಮುಟ್ಬೇಡ." ಮೂಲೆಯಲ್ಲಿ ಕೂತ ಗಿಣಿ ತನ್ನ ಚಿಂದಿ ಗೊಂಬೆಗೆ ಬೆರಳು ಎತ್ತಿ, "ಮುಟ್ಬೇಡ ಅಂದ್ರೆ ಮುಟ್ಬೇಡ, ನಾನು ನಿಮ್ಮಪ್ಪ" ಅನ್ನುತ್ತಿದ್ದಳು. ನರ್ಸಕ್ಕನಿಗೆ ನಗು ತಡೆಯಲಾಗಲಿಲ್ಲ.

"ಅಲ್ಲಾಡ್ಬೇಡಿ ನರ್ಸಕ್ಕ, ಗುರುತು ತಪ್ಪತ್ತೆ" ಅಂದ ಟೈಲರ್. ಹಾಗೇ ಮಾತಿನ ಮೇಲೆ ಮಾತು ಬಂದು ಅಕ್ಕನ ಊರಿನ ವಿಷಯ ಹೇಳಿದ. "ಈ ಸಲ ಉಪಾಯ ಹುಡುಕಿದೀನಿ. ಶೀತಕ್ಕೆ ತಂದ ಸಿರಪ್ಪು ಮಿಕ್ಕಿದೆ. ಇಬ್ರಿಗೂ ಒಂದೊಂದು ಮುಚ್ಚಳ ಕುಡಿಸಿ ಹತ್ತಿಸಿದ್ರೆ ಊರು ಬರೋವರೆಗೂ ಗೊರಕೆ ಹೊಡೀತಾರೆ."

ನರ್ಸಕ್ಕ ಥಟ್ಟನೆ ತಿರುಗಿದರು. ಒಂದು ಗುಂಡುಸೂಜಿ ಚುಚ್ಚಿಯೂ ಬಿಟ್ಟಿತು.

"ಮಾಸ್ಟ್ರೇ, ಆ ಕೆಲ್ಸ ಮಾತ್ರ ಮಾಡ್ಬೇಡಿ. ಅದು ಔಷಧಿ, ಜೋಗುಳ ಅಲ್ಲ. ಡಾಕ್ಟರು ಹೇಳದೆ ಸಣ್ಣ ಮಕ್ಕಳಿಗೆ ಕುಡಿಸಿದ್ರೆ ಉಸಿರಾಟಕ್ಕೇ ತೊಂದ್ರೆ ಆಗ್ಬಹುದು. ನಡುದಾರೀಲಿ ಮಗು ಎಬ್ಬಿಸಿದ್ರೆ ಏಳ್ಲಿಲ್ಲ ಅಂದ್ರೆ ಎಲ್ಲಿಗೆ ಓಡ್ತೀರಿ? ಇನ್ನು ಕೆಲವು ಮಕ್ಕಳಿಗೆ ಅದು ತಿರುಗಾಮುರುಗಾ ಕೆಲ್ಸ ಮಾಡತ್ತೆ. ನಿದ್ದೆ ಬರೋ ಬದಲು ಇನ್ನೂ ಕುಣೀತಾರೆ."

"ಮತ್ತೆ ಇನ್ನೇನು ಮಾಡೋದು? ಸುಮ್ನೆ ಕೂತ್ಕೊಳ್ಳಿ ಅಂದ್ರೆ ಕೂರಲ್ಲ. ಪೊಲೀಸಿಗೆ ಹಿಡಿದು ಕೊಡ್ತೀನಿ ಅಂತಾನೂ ಹೆದರ್ಸಿ ಆಯ್ತು."

"ಹಾಗೆ ಹೆದರ್ಸಿದ್ರೆ ನಾಳೆ ಗುಂಪಿನಲ್ಲಿ ಕಳೆದು ಹೋದಾಗ ಪೊಲೀಸ್ನೋರನ್ನ ನೋಡಿ ಬಚ್ಚಿಟ್ಕೊಳ್ತಾವೆ. ಸಹಾಯ ಕೇಳ್ಬೇಕಾದೋರನ್ನೇ ಭೂತ ಮಾಡಿಟ್ರಿ ನೀವು" ಅಂದರು ನರ್ಸಕ್ಕ. ಆಮೇಲೆ ದನಿ ತಗ್ಗಿಸಿ, "ನೋಡಿ, ನಂಗೆ ನಲವತ್ತು ದಾಟಿದೆ. ಒಂದು ಗಳಿಗೆ ಅಲ್ಲಾಡದೆ ನಿಂತ್ಕೋ ಅಂದ್ರೆ ನನ್ ಕೈಲೇ ಆಗ್ತಿಲ್ಲ. ಇಡೀ ದಿನ ಅಲ್ಲಾಡದೆ ಕೂರು ಅಂದ್ರೆ ಎರಡು ವರ್ಷದ್ದು ಹೇಗೆ ಕೂರತ್ತೆ? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ಮಕ್ಕಳ ಕೈಗೂ ಕೆಲ್ಸ ಬೇಕು."

ಟೈಲರ್‌ನ ಹೆಂಡತಿ ತುಟಿಯಿಂದ ಸೂಜಿ ತೆಗೆದು ನಕ್ಕಳು. "ಇವ್ರು ಮುಟ್ಬೇಡ ಅನ್ನೋದು ಬಿಟ್ರೆ ಬೇರೆ ಮಾತೇ ಕಲ್ತಿಲ್ಲ ಅಕ್ಕ."

"ಅಂಗಡೀಲಿ ಮುಟ್ಬೇಡ ಅನ್ನೋದು ಸರಿಯೇ, ಸೂಜಿ ಇದೆ, ಕತ್ತರಿ ಇದೆ. ಬಸ್ಸಲ್ಲಿ ಮುಟ್ಟೋಕೆ ಏನಾದ್ರೂ ಕೊಡಿ. ಎಲ್ಲಾ ಆಟಿಕೆ ಒಟ್ಟಿಗೆ ಸುರೀಬೇಡಿ, ಒಂದು ಬೇಜಾರಾದ ಮೇಲೆ ಇನ್ನೊಂದು. ಗುಂಡಿ, ಮಣಿ ಬಿಡಿಯಾಗಿ ಕೊಡ್ಬೇಡಿ, ಚಿಕ್ಕೋನು ನುಂಗ್ತಾನೆ. ಫೋನು ಇರಲಿ, ಅದು ಕೊನೇಗೆ. ಓಡೋ ಗಾಡೀಲಿ ಬಗ್ಗಿ ಅದನ್ನೇ ನೋಡ್ತಾ ಕೂತ್ರೆ ಹೊಟ್ಟೆ ತೊಳಸತ್ತೆ. ಬಸ್ಸು ನಿಂತ ಕಡೆಯೆಲ್ಲ ಇಳಿಸಿ, ಕೈ ಹಿಡ್ಕೊಂಡು ಓಡಾಡ್ಸಿ. ಹೊರಡೋ ಮೊದ್ಲೇ ಎಲ್ಲಿಗೆ ಹೋಗ್ತೀವಿ, ಎಷ್ಟು ಹೊತ್ತಾಗತ್ತೆ, ಅಲ್ಲಿ ಯಾರಿದ್ದಾರೆ ಅಂತ ಕೂರ್ಸಿ ಹೇಳಿ. ಮತ್ತೆ ಮಗು ಅತ್ರೆ ಗದರೋ ಮೊದ್ಲು ಯಾಕೆ ಅಳ್ತಿದೆ ಅಂತ ನೋಡಿ. ಹಸಿವಾ, ಸೆಕೆಯಾ, ಒದ್ದೆಯಾ, ನಿದ್ದೆಯಾ. ಬಟ್ಟೆ ಹಳೇದು ಹಾಕಿ, ಮೆತ್ತಗಿರೋದು."

ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಟೈಲರ್ ಕೊನೆಯ ಮಾತಿಗೆ ಮಾತ್ರ ಮುಖ ಹುಳ್ಳಗೆ ಮಾಡಿದ. "ಟೈಲರ್ ಮಕ್ಕಳು ಹಳೇ ಬಟ್ಟೇಲಿ ಹೋದ್ರೆ ಜನ ಏನಂತಾರೆ ನರ್ಸಕ್ಕ? ಅಕ್ಕನ ಮುಂದೆ ನನ್ ಮಾನ ಏನಾಗ್ಬೇಕು?"

ಆ ವಾರವೆಲ್ಲ ಟೈಲರ್ ಕೆಲಸದ ನಡುವೆ ಸಮಯ ಮಾಡಿಕೊಂಡು ಏನೋ ಹೊಲಿಯುತ್ತಿದ್ದ. ಮಿಕ್ಕಿದ ಬಟ್ಟೆಯಲ್ಲಿ ಬುಗುರಿಗೊಂದು ಆಟದ ಹಾಸು. ಅದರ ಮೇಲೆ ಸಾಲು ಸಾಲು ಜೇಬು. ಒಂದಕ್ಕೆ ಜಿಪ್ಪು, ಒಂದಕ್ಕೆ ದೊಡ್ಡ ಗುಂಡಿ, ಒಂದಕ್ಕೆ ಲಾಡಿ. ಗುಂಡಿಗಳನ್ನು ನೂಲು ಜೋಡಿ ಮಾಡಿ ಹಾಕಿದ. ನರ್ಸಕ್ಕ ಸಮವಸ್ತ್ರ ಒಯ್ಯಲು ಬಂದಾಗ ಒಂದೊಂದನ್ನೂ ಜಗ್ಗಿ ನೋಡಿ, "ಎತ್ತು ಕಟ್ಟಿದ್ರೂ ಕೀಳಲ್ಲ" ಅಂದರು. ಗಿಣಿಗೆ ಏನು ಕೊಡುವುದೆಂದು ಬಹಳ ಯೋಚಿಸಿದ. ಕೊನೆಗೆ ಯಾರಿಗೂ ಮುಟ್ಟಲು ಬಿಡದ ತನ್ನ ಅಳತೆ ಟೇಪನ್ನೇ ಕೊರಳಿನಿಂದ ತೆಗೆದು ಅವಳ ಕೊರಳಿಗೆ ಹಾಕಿದ. "ದಾರೀಲಿ ಅಳತೆ ತೆಗೆಯೋ ಕೆಲ್ಸ ನಿಂದು" ಅಂದ. ಗಿಣಿಗೆ ಮಾತೇ ಹೊರಡಲಿಲ್ಲ. ಅವಳ ಜೀವಮಾನದಲ್ಲಿ ಅದು ಮೊದಲನೆಯ ಸಲ ಇರಬೇಕು.

ಇಷ್ಟೆಲ್ಲ ಮಾಡಿದವನು ಎರಡು ಕೆಲಸವನ್ನು ಯಾರಿಗೂ ಹೇಳದೆ ಮಾಡಿದ. ಒಂದು, ಬುಗುರಿಗೆ ಹೊಸ ಕೋಟು ಹೊಲಿದ. ದಪ್ಪ ಬಟ್ಟೆ, ಒಳಗೆ ಕ್ಯಾನ್ವಾಸು ಕೊಟ್ಟ ಗಟ್ಟಿ ಕಾಲರು. ಇನ್ನೊಂದು, ಸಿರಪ್ಪಿನ ಬಾಟಲಿಯನ್ನು "ಇರಲಿ, ಹೊತ್ತಿಗಾಗತ್ತೆ" ಎಂದು ತನ್ನ ಚೀಲದ ತಳದಲ್ಲಿ ಹುದುಗಿಸಿದ.

ಹೊರಟ ದಿನ ಹೆಂಡತಿ ಕೋಟು ನೋಡಿ ಹುಬ್ಬು ಗಂಟಿಕ್ಕಿದಳು. "ಸೆಕೆ ಆಗಲ್ವೇನ್ರೀ?"

"ಅಕ್ಕ ನೋಡ್ಲಿ ಅಂತ ಹೊಲಿದಿದ್ದು ಕಣೇ. ಇಳಿಯೋವರೆಗೂ ಮಡಿಕೆ ಬೀಳ್ಬಾರ್ದು" ಅಂದ.

ಬಸ್ಸು ಹೊರಟಿತು. ಮೊದಲ ಭಾಗ ಹೂವಿನ ಹಾಗೆ ಹೋಯಿತು. ಗಿಣಿ ಕಿಟಕಿ ಅಳೆದಳು, ಅಮ್ಮನ ಮೂಗು ಅಳೆದಳು. ಮುಂದಿನ ಸೀಟಿನ ದಪ್ಪ ಮೀಸೆಯ ಹಿರಿಯರೊಬ್ಬರು ಹಿಂದೆ ತಿರುಗಿದಾಗ, "ತಾತ, ನಿಮ್ಮ ಮೀಸೆ ಅಳತೆ ತಗೊಳ್ಲಾ?" ಅಂದಳು. ಟೈಲರ್ ಟೇಪು ಕಿತ್ತುಕೊಳ್ಳಲು ಕೈ ಚಾಚಿದ. ಹಿರಿಯರು ಗಂಭೀರವಾಗಿ ಮುಖ ಮುಂದೆ ಚಾಚಿ, "ಸರಿಯಾಗಿ ತಗೋಮ್ಮ, ಆಮೇಲೆ ಬಿಗಿ ಆಯ್ತು ಅನ್ನೋ ಹಾಗಾಗ್ಬಾರ್ದು" ಅಂದರು. ಬುಗುರಿ ಜಿಪ್ಪು ಎಳೆದ, ಬಿಟ್ಟ, ಎಳೆದ. ಬಸ್ಸು ನಿಂತಾಗ ಅಮ್ಮ ಇಬ್ಬರನ್ನೂ ಇಳಿಸಿ ಓಡಾಡಿಸಿ, ನೀರು ಕುಡಿಸಿ, ಬಾಳೆಹಣ್ಣು ತಿನ್ನಿಸಿದಳು.

ಬಿಸಿಲು ಏರಿತು. ಬುಗುರಿ ಹಾಸನ್ನು ದೂರ ಒದ್ದ. ಕೊಸರಾಡಿದ. ಆಮೇಲೆ ಬಾಯಿ ತೆರೆದನೋ ಇಲ್ಲವೋ, ಡ್ರೈವರ್ ಕೂಡ ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿದ. ಅಮ್ಮ ಎತ್ತಿಕೊಂಡಳು, ನಿಲ್ಲಲಿಲ್ಲ. ಗಿಣಿ ಹಾಡಿದಳು, ನಿಲ್ಲಲಿಲ್ಲ. ಫೋನು ತೋರಿಸಿದರೆ ಕೈಯಿಂದ ತಳ್ಳಿದ. ಎರಡು ಸೀಟು ಹಿಂದೆ ಯಾರೋ ಲೊಚಗುಟ್ಟಿದರು. ಟೈಲರ್‌ನ ಕಿವಿ ಬಿಸಿಯಾಯಿತು. ಮತ್ತೆ ಅದೇ ಅವಮಾನ, ಮತ್ತೆ ಅರ್ಧ ದಾರಿಯಲ್ಲಿ ಇಳಿಯುವುದು, ಅಲ್ಲಿ ಅಕ್ಕ ಬಾಗಿಲಲ್ಲಿ ಕಾಯುವುದು. ಅವನ ಕೈ ತಾನಾಗಿಯೇ ಚೀಲದ ತಳಕ್ಕೆ ಹೋಯಿತು. ಬಾಟಲಿ ಬೆರಳಿಗೆ ಸಿಕ್ಕಿತು.

"ಇಲ್ಲಿ ಕೊಡು ಅವ್ನನ್ನ" ಅಂದ ಹೆಂಡತಿಗೆ, ಇನ್ನೊಂದು ಕೈಯಿಂದ ಮಗನನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾ.

ಕುಡಿಸಬೇಕೆಂದರೆ ಗದ್ದ ಎತ್ತಬೇಕು. ಗದ್ದ ಎತ್ತಿದ ಕೈ ಅಲ್ಲೇ ನಿಂತಿತು. ಕಾಲರಿನ ಅಂಚಿನ ಉದ್ದಕ್ಕೂ ಮಗುವಿನ ಕೊರಳಿನಲ್ಲಿ ಕೆಂಪಗೆ ಬರೆ ಎದ್ದಿತ್ತು. ಬೆರಳು ಒಳಗೆ ತೂರಿಸಿದರೆ ಬೆವರಿಗೆ ನೆಂದು ಕುದಿಯುತ್ತಿತ್ತು. ಅವನೇ ಕೊಟ್ಟ ಕ್ಯಾನ್ವಾಸು, ಅವನೇ ಎಳೆದ ಹೊಲಿಗೆ. ಕಳೆದ ವರ್ಷವೂ ಹೀಗೇ ಹೊಸ ಬಟ್ಟೆ ತೊಡಿಸಿ ಹೊರಡಿಸಿದ್ದು ಅವನಿಗೆ ಆ ಕ್ಷಣದಲ್ಲಿ ನೆನಪಾಯಿತು.

"ನನ್ ಕಂದ, ನಾನೇ ಕಣೋ ನಿನ್ನ ಅಳಿಸ್ತಿರೋದು" ಅಂದ.

ಗುಂಡಿ ಬಿಚ್ಚಿ ಕೋಟು ಕಳಚಿದ. ಹೆಂಡತಿ ಚೀಲದಿಂದ ಒಗೆದು ಒಗೆದು ಬಣ್ಣ ಹೋದ ಹಳೆಯ ಅಂಗಿ ತೆಗೆದುಕೊಟ್ಟಳು. ಅವಳೂ ಯಾರಿಗೂ ಹೇಳದೆ ಅದನ್ನು ಇಟ್ಟುಕೊಂಡಿದ್ದಳು. ಒದ್ದೆ ಬಟ್ಟೆಯಲ್ಲಿ ಕೊರಳು ಒರೆಸಿ ಅಂಗಿ ತೊಡಿಸಿದರು. ಬುಗುರಿ ಇನ್ನೆರಡು ಸಲ ಬಿಕ್ಕಿದ. ಆಮೇಲೆ ಅಪ್ಪನ ಎದೆಗೆ ಕೆನ್ನೆ ಒತ್ತಿ, ಯಾವ ಸಿರಪ್ಪೂ ಇಲ್ಲದೆ ನಿದ್ದೆಹೋದ. ಮೀಸೆಯ ಹಿರಿಯರು ತಮ್ಮ ಪೇಪರ್ ಮಡಿಚಿ ಮಗುವಿಗೆ ಗಾಳಿ ಬೀಸಿದರು. ಮುಂದಿನ ನಿಲ್ದಾಣದಲ್ಲಿ ಟೈಲರ್ ಇಳಿದು ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ ಬಂದ. ಹೆಂಡತಿ ಕಂಡೂ ಕಾಣದವಳ ಹಾಗೆ ಕಿಟಕಿಯಾಚೆ ನೋಡಿದಳು.

ಕತ್ತಲಾಗುವ ಹೊತ್ತಿಗೆ ಅಕ್ಕನ ಮನೆ ಬಂತು. ಅಕ್ಕ ಕೋಲು ಗೋಡೆಗೆ ಒರಗಿಸಿ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದಳು. ಬಣ್ಣ ಹೋದ ಅಂಗಿಯ ಬುಗುರಿಯನ್ನು ಟೈಲರ್ ಅವಳ ಮಡಿಲಿಗೆ ಇಟ್ಟ. ಅವಳು ಅಂಗಿ ನೋಡಲೇ ಇಲ್ಲ. ಮಗುವಿನ ನೆತ್ತಿಗೆ ಮೂಗು ಒತ್ತಿದಳು.

ಆಮೇಲೆ ಕಣ್ಣೊರೆಸಿಕೊಂಡು ಗಿಣಿಯನ್ನು ಕೇಳಿದಳು. "ದಾರೀಲಿ ಏನಾದ್ರೂ ತೊಂದ್ರೆ ಆಯ್ತಾ ಕಂದ?"

"ಅಪ್ಪ ಮಧ್ಯದಲ್ಲಿ ಸ್ವಲ್ಪ ಗಾಬರಿ ಆಗಿದ್ರು ಅತ್ತೆ" ಅಂದಳು ಗಿಣಿ. "ತಮ್ಮ ಅವ್ರ ಮೇಲೆ ಮಲಗ್ದ. ಆಮೇಲೆ ಸರಿಹೋದ್ರು."

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮಗೂ ನಾಳೆಯೋ ನಾಡಿದ್ದೋ ಒಂದು ದೂರದ ದಾರಿ ಇದ್ದೇ ಇರುತ್ತದೆ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಅವರಿಗಾಗಿ ಕಾಯುವ ಜೀವಗಳು ಅಲ್ಲಿವೆ. ನಿದ್ದೆ ಬರಿಸಲೆಂದು ಮಾತ್ರ ಯಾವ ಔಷಧಿಯನ್ನೂ ಬಾಯಿಗೆ ಹಾಕಬೇಡಿ. ಕೈಗೆ ಕೆಲಸ ಕೊಡಿ, ಕಾಲಿಗೆ ನೆಲ ಕೊಡಿ, ಮೈಗೆ ಮೆತ್ತನೆಯ ಬಟ್ಟೆ ಕೊಡಿ. ಅಷ್ಟಾದರೂ ಅತ್ತರೆ ಅಳಲಿ, ಅದು ಮಗು. ಬಸ್ಸಿನವರು ಏನಂದುಕೊಳ್ಳುತ್ತಾರೋ ಎಂದು ಹಿಂದೆ ಮುಂದೆ ನೋಡುವ ಮೊದಲು ತೊಡೆಯ ಮೇಲಿರುವುದರ ಮುಖ ನೋಡಿ. ಅದಕ್ಕೆ ಇನ್ನೂ ಹೇಳಲು ಬರುವುದಿಲ್ಲ, ಹುಡುಕಬೇಕಾದವರು ನಾವೇ.